ಹರಳೆಣ್ಣೆಯೂ ನನ್ನ ಮೊದಲ ಕನ್ನಡ ಪ್ರಸಂಗವೂ

ಕನ್ನಡ ನಾಡಿನಲ್ಲಿ ಬಾಳಲು ಬೇಕಾದ ಸಕಲ ವಿದ್ಯೆಗಳೂ ಎಂಟೇ ತಿಂಗಳಲ್ಲಿ ಕರಗತವಾಗಿವೆ ಎಂದು ನಾನು ತೀರ್ಮಾನಿಸಿದ್ದೆ. ಸ್ಕಾಟ್ಲೆಂಡಿನಿಂದ ಹಡಗಿನಲ್ಲಿ ಬಂದಿಳಿದ ಇಪ್ಪತ್ತಾರು ವರ್ಷದ ಮಿಷನರಿ ನಾನು. ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿತ್ತು. ದೊರೆಗಳೆಲ್ಲ ಗಂಟುಮೂಟೆ ಕಟ್ಟಿ ಹೋದ ಮೇಲೆ ಇವನ್ಯಾಕೆ ಬಂದ ಎಂದು ಮೈಸೂರಿನ ಮಂಡಿ ಮೊಹಲ್ಲಾದ ಜನ ನನ್ನನ್ನು ಕನಿಕರದಿಂದಲೇ ನೋಡುತ್ತಿದ್ದರು. ಮುದ್ದೆ ಮುರಿದು ನುಂಗುವುದನ್ನು ಕಲಿತಿದ್ದೆ. ಚಕ್ಕಳಮಕ್ಕಳ ಹಾಕಿ ಕೂರುವುದನ್ನು ಕಲಿತಿದ್ದೆ. ಏಳುವುದನ್ನು ಮಾತ್ರ ಇನ್ನೂ ಕಲಿಯುತ್ತಿದ್ದೆ.

ಉಳಿದದ್ದು ಒಂದೇ ಪರೀಕ್ಷೆ. ಚರ್ಚಿನ ಭಾನುವಾರದ ಆರಾಧನೆಯಲ್ಲಿ, ದೊಡ್ಡ ಪಾದ್ರಿಗಳ ಎದುರಿಗೆ, ಕನ್ನಡದಲ್ಲಿ ಪ್ರಸಂಗ, ಅಂದರೆ ಉಪದೇಶ, ಮಾಡಬೇಕು. ಗೆದ್ದರೆ ಮೈಸೂರಿನಲ್ಲೇ ಉಳಿಯಬಹುದು. ಸೋತರೆ ಬೆಂಗಳೂರು ದಂಡಿನ ಇಂಗ್ಲಿಷ್ ಸಭೆಗೆ ರವಾನೆ. ಅಲ್ಲಿ ಮತ್ತೆ ಅದೇ ಬೇಯಿಸಿದ ಆಲೂಗಡ್ಡೆ, ಅದೇ ಹವಾಮಾನದ ಮಾತು. ಮೈಸೂರು ಬಿಡುವುದೆಂದರೆ ನನಗೆ ಪ್ರಾಣಸಂಕಟವಾಗುತ್ತಿತ್ತು. ಪ್ರಸಂಗದ ವಿಷಯ ‘ಎಚ್ಚರವಾಗಿರಿ’. ವಾರವಿಡೀ ಬರೆದೂ ಬರೆದೂ ಕಣ್ಣು ಕೆಂಡವಾಯಿತು, ಬಾಯೆಲ್ಲ ಹುಣ್ಣಾಯಿತು.

ನನ್ನ ಮನೆ ಮಾಲೀಕರು ಬಸಪ್ಪನವರು. ಮಂಡಿಯಲ್ಲಿ ಬೇಳೆ ವ್ಯಾಪಾರ, ಹರೆಯದಲ್ಲಿ ಗರಡಿ ಸಾಧನೆ. ವ್ಯಾಪಾರವನ್ನು ಮಗನಿಗೆ ಬಿಟ್ಟಿದ್ದರೂ ತೋಳುಗಳನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಶನಿವಾರ ಬೆಳಿಗ್ಗೆ ನನ್ನ ಮುಖ ನೋಡಿದವರೇ, “ಉಷ್ಣ ಕಣ್ರೀ ಪಾದ್ರಿಗಳೇ. ಬನ್ನಿ, ಎಣ್ಣೆ ನೀರು ಹಾಕ್ಬುಡೋಣ” ಅಂದರು. ಶನಿವಾರ ಗಂಡಸರ ಎಣ್ಣೆಸ್ನಾನದ ದಿನವಂತೆ. ಆದರೆ ಅಂದು ನನಗೆ ಪ್ರಸಂಗ ಬಾಯಿಪಾಠ ಮಾಡುವುದಿತ್ತು. ನಾಳೆ ಬೆಳಿಗ್ಗೆ ಸ್ನಾನ ಮಾಡಿ, ಮಡಿಯಾಗಿ ನೇರ ದೇವಾಲಯಕ್ಕೇ ಹೋಗುತ್ತೇನೆ ಎಂದೆ. ಎಣ್ಣೆ ಹಾಕಿಕೊಂಡ ದಿನ ಯಾವ ಕೆಲಸಕ್ಕೂ ಹೊರಡಬಾರದೆಂದು ಅವರು ಬುದ್ಧಿ ಹೇಳಿದರು. ನಾನು ನಕ್ಕೆ. ಮೂಢನಂಬಿಕೆ ಹೋಗಲಾಡಿಸಲೆಂದೇ ಏಳು ಸಮುದ್ರ ದಾಟಿ ಬಂದವನಲ್ಲವೇ ನಾನು!

ಭಾನುವಾರ ಬೆಳಿಗ್ಗೆ ಬಚ್ಚಲಮನೆಯಲ್ಲಿ ನನ್ನನ್ನು ಮಣೆಯ ಮೇಲೆ ಕೂರಿಸಿ, ಬಸಪ್ಪನವರು ಬಿಸಿ ಹರಳೆಣ್ಣೆಯನ್ನು ನೆತ್ತಿಗೆ ಸುರಿದು ತಟ್ಟತೊಡಗಿದರು. ಎಂಟು ತಿಂಗಳಿಂದ ಒಳಗೆ ಜೋಡಿಸಿಟ್ಟಿದ್ದ ವಿಭಕ್ತಿ ಪ್ರತ್ಯಯಗಳೆಲ್ಲ ದಿಕ್ಕಾಪಾಲಾಗಿ ಓಡಿದ ಸದ್ದು ನನಗೇ ಕೇಳಿಸಿತು. ಬೆನ್ನು, ತೋಳು, ತೊಡೆ, ಒಂದಂಗುಲವನ್ನೂ ಅವರು ಬಿಡಲಿಲ್ಲ. ಹಂಡೆ ನೀರು ಹುಯ್ದು ಸೀಗೆಪುಡಿ ಹಚ್ಚಲು ಬಂದರು. ಒಂದು ಚಿಟಿಕೆ ಕಣ್ಣಿಗೆ ಬಿದ್ದದ್ದೇ ತಡ, ನಾನು ಸತ್ಯಾಗ್ರಹ ಹೂಡಿದೆ. ಊರಿನಿಂದ ತಂದ ಲ್ಯಾವೆಂಡರ್ ಸೋಪಿದೆ, ಅದೇ ಸಾಕು ಎಂದೆ.

“ಸೋಪಿಗೆಲ್ಲ ಹರಳೆಣ್ಣೆ ಬಗ್ಗಲ್ಲ ಸ್ವಾಮಿ” ಅಂದರು ಬಸಪ್ಪನವರು.

ಬಗ್ಗಲಿಲ್ಲ. ಎಣ್ಣೆಗೆ ಲ್ಯಾವೆಂಡರ್ ವಾಸನೆ ಬಂತು, ಅಷ್ಟೇ.

ಅವರ ಹೆಂಡತಿ ಗೌರಮ್ಮನವರು ಬಿಸಿ ಅನ್ನಕ್ಕೆ ಮೆಣಸಿನ ಸಾರು ಬಡಿಸಿ, ಪಡಸಾಲೆಯಲ್ಲಿ ಚಾಪೆಯನ್ನೂ ಹಾಸಿಟ್ಟಿದ್ದರು. ಎಣ್ಣೆ, ಬಿಸಿನೀರು, ಸಾರನ್ನ, ನಿದ್ದೆ, ಈ ನಾಲ್ಕೂ ಸೇರಿದರೇ ಔಷಧಿಯಂತೆ. “ಒಂದು ಗಳಿಗೆ ಮಲಗೆದ್ದು ಹೋಗಪ್ಪ. ಎಣ್ಣೆ ನಿದ್ದೆ ಸುಮ್ನೆ ಬುಡಲ್ಲ” ಅಂದರು. ನಾನು ಮೂರು ಸಲ ಸಾರನ್ನ ಹಾಕಿಸಿಕೊಂಡು, ನಾಲ್ಕನೆಯ ಔಷಧಿಯನ್ನು ವಿನಯದಿಂದ ನಿರಾಕರಿಸಿ, ಸೈಕಲ್ ಹತ್ತಿದೆ. ದಾರಿಯುದ್ದಕ್ಕೂ ಸೀಟಿನ ಮೇಲೆ ಕೂತದ್ದಕ್ಕಿಂತ ಜಾರಿದ್ದೇ ಹೆಚ್ಚು.

ದೇವಾಲಯ ತುಂಬಿತ್ತು. ಎಂದೂ ಬಾರದವರೂ ನನ್ನ ಕನ್ನಡ ಕೇಳಲು ಬಂದಿದ್ದರು. ಮುಂದಿನ ಸಾಲಿನಲ್ಲಿ ದೊಡ್ಡ ಪಾದ್ರಿಗಳು, ಹೆಂಗಸರ ಕಡೆ ಸಭೆಗೆಲ್ಲ ಹಿರಿಯರಾದ ಶಾಂತಮ್ಮಜ್ಜಿ. ನಾನು ಗಂಭೀರವಾಗಿ ಪೀಠ ಹತ್ತಿ ಜೇಬಿನಿಂದ ಪ್ರಸಂಗದ ಹಾಳೆಗಳನ್ನು ತೆಗೆದೆ. ಅಂಗಿ ದಾಟಿ ಬಂದ ಹರಳೆಣ್ಣೆ ಅವುಗಳನ್ನು ಗಾಜು ಮಾಡಿಬಿಟ್ಟಿತ್ತು. ಕಾಗದ ಉಳಿಸಲೆಂದು ಎರಡೂ ಮಗ್ಗುಲಿಗೆ ಬರೆದಿದ್ದೆ. ಈಗ ಎರಡೂ ಒಟ್ಟಿಗೇ ಕಾಣುತ್ತಿದ್ದವು, ಒಂದು ನೇರ, ಒಂದು ತಿರುಗಾಮುರುಗಾ. ಮೊದಲೇ ನನಗೆ ಒತ್ತಕ್ಷರವೆಂದರೆ ಭಯ. ಇಲ್ಲಿ ಒತ್ತಕ್ಷರದ ಹೆಗಲ ಮೇಲೆ ಒತ್ತಕ್ಷರ ಕೂತಿತ್ತು!

“ಪ್ರಿಯ ಸಹೋದರ ಸಹೋದರಿಯರೇ, ಎಚ್ಚರವಾಗಿರಿ” ಎಂದೆ. ಅಷ್ಟು ಬಾಯಿಗೆ ಬಂತು. ಎರಡನೆಯ ವಾಕ್ಯ ಬರಲಿಲ್ಲ. ಮೂರನೆಯದಾದರೂ ಬರಬಹುದೇ ಎಂದು ಕಾದೆ. ಅದು ಎರಡನೆಯದರ ದಾರಿ ಕಾಯುತ್ತಿತ್ತು. ಆಗ ಹೊಳೆಯಿತು ನನ್ನ ಜೀವಮಾನದ ಮಹಾ ಉಪಾಯ. ಎಲ್ಲರೂ ಒಂದು ನಿಮಿಷ ಮೌನವಾಗಿ ಪ್ರಾರ್ಥಿಸೋಣ ಎಂದು ಹೇಳಿ, ಹಿಂದಿದ್ದ ಕುರ್ಚಿಯಲ್ಲಿ ಕುಳಿತು, ಎರಡನೆಯ ವಾಕ್ಯವನ್ನು ನೆನಪಿಸಿಕೊಳ್ಳಲು ಕಣ್ಣು ಮುಚ್ಚಿದೆ.

ಗೌರಮ್ಮನವರ ನಾಲ್ಕನೆಯ ಔಷಧಿ ಅಲ್ಲಿ ಕೆಲಸ ಮಾಡಿತು.

ಕಣ್ಣು ಬಿಟ್ಟಾಗ ಪೂರ್ವದ ಕಿಟಕಿಯ ಬಿಸಿಲು ಹೋಗಿಬಿಟ್ಟಿತ್ತು. ಯಾರೋ ಪುಣ್ಯಾತ್ಮರು ಕುತ್ತಿಗೆಗೆ ದಿಂಬು ಕೊಟ್ಟಿದ್ದರು. ಸಭೆಯಲ್ಲಿ ಒಬ್ಬರೂ ಕದಲಿರಲಿಲ್ಲ, ಅಷ್ಟೂ ಕಣ್ಣು ನನ್ನ ಮೇಲೆ. ನನಗೆ ಅಳುವೇ ಬಂತು. ಬೆಂಗಳೂರಿನ ಆಲೂಗಡ್ಡೆ ಕಣ್ಣ ಮುಂದೆ ಬಂದು ನಿಂತಿತು.

ಆಗ ಶಾಂತಮ್ಮಜ್ಜಿ ಎದ್ದು ದೊಡ್ಡ ಪಾದ್ರಿಗಳ ಕಡೆ ತಿರುಗಿದರು. “ಇವ್ರನ್ನ ಎಲ್ಲಿಗೂ ಕಳಿಸ್ಬೇಡಿ ಅಯ್ನೋರೆ. ನೀವು ಪ್ರಸಂಗ ಮಾಡೋವಾಗ ನಾವೆಲ್ಲ ನಿದ್ದೆ ಹೊಡೀತೀವಿ. ಇವತ್ತು ಇವ್ರು ಯಾವಾಗ ಕುರ್ಚಿಯಿಂದ ಬೀಳ್ತಾರೋ ಅಂತ ಒಬ್ರೂ ರೆಪ್ಪೆ ಮುಚ್ಚಿಲ್ಲ.”

ದೊಡ್ಡ ಪಾದ್ರಿಗಳು ವರದಿಯಲ್ಲಿ ಹೀಗೆ ಬರೆದರು: ‘ಭಾಷೆ, ಒಂದು ವಾಕ್ಯ. ಪರಿಣಾಮ, ಸಭೆಯೆಲ್ಲ ಎಚ್ಚರವಾಗಿತ್ತು.’ ನಾನು ಮೈಸೂರಿನಲ್ಲೇ ಉಳಿದೆ.

ಮುಂದಿನ ಭಾನುವಾರ ಎಣ್ಣೆಯ ಹನಿಯನ್ನೂ ಮುಟ್ಟದೆ, ಎರಡನೆಯ ವಾಕ್ಯದಿಂದ ಕಡೆಯ ವಾಕ್ಯದವರೆಗೆ, ಒಂದು ತಪ್ಪಿಲ್ಲದೆ ಇಡೀ ಪ್ರಸಂಗ ಮಾಡಿದೆ. ಸಭೆ ಸುಖವಾಗಿ ನಿದ್ದೆ ಮಾಡಿತು.