ಮೂರು ದನಗಳ ಪರವಾನಗಿ

ಕೆಲವರು ಹೊರಡುವುದಕ್ಕೆ ಹುಟ್ಟಿರುತ್ತಾರೆ, ಕೆಲವರು ತಯಾರಿ ಮಾಡುವುದಕ್ಕೆ. ನಾವು ಮೂವರು ಎರಡನೆಯ ಜಾತಿ. ಎಲ್ಲಿಗಾದರೂ ಹೋಗೋಣ ಎಂದು ನಾವು ಬಾಯಿ ಬಿಟ್ಟರೆ ಸಾಕು, ಮಳೆ ಬರುತ್ತಿತ್ತು, ಇಲ್ಲವೆ ಯಾರದೋ ಮದುವೆ ಬರುತ್ತಿತ್ತು. ಒಮ್ಮೆಯಂತೂ ಸರಕಾರವೇ ಬದಲಾಗಿಬಿಟ್ಟಿತು. ಇಂಥವು ನಮಗೇ ಯಾಕೆ ಆಗುತ್ತವೋ ನಾನು ಕಾಣೆ, ಆದರೆ ಆಗುವುದು ಮಾತ್ರ ನಿಲ್ಲಲಿಲ್ಲ.

ಮೂವರಲ್ಲಿ ನಾನೊಬ್ಬ, ಬೀದರಿನ ಸಾಲೆಯಲ್ಲಿ ಲೆಕ್ಕದ ಮಾಸ್ತರ. ನಿಜಾಮರ ಕಾಲ, ಎರಡೆರಡಲೆ ನಾಲ್ಕು ಎನ್ನುವುದನ್ನೂ ಉರ್ದುವಿನಲ್ಲೇ ಹೇಳಬೇಕು. ನನ್ನ ಹರುಕು ಉರ್ದುವನ್ನು ತಿದ್ದಿ ನನ್ನ ನೌಕರಿ ಉಳಿಸಿದವರು ಅದೇ ಸಾಲೆಯ ಉರ್ದು ಮುನ್ಶಿಜಿ. ಮೂರನೆಯವರು ಭಾಲ್ಕಿಯ ಕಿರಾಣಿ ಸಾವಕಾರರು. ಅವರಿಗೆ ಬಸವಣ್ಣನ ಮೇಲೆ ಭಕ್ತಿ, ನಮ್ಮಿಬ್ಬರ ಮೇಲೆ ಮಮತೆ.

ಔರಾದಿನ ಹಾದಿಯಲ್ಲಿ ಜನವಾಡ ದಾಟಿದ ಮೇಲೆ ಒಂದು ಕಡೆ ಗುಡ್ಡ ಸೀಳಿ ಕೆಂಗಲ್ಲಿನ ಕಣಿವೆಯೊಂದು ಇಳಿಯುತ್ತದೆ. ನಮ್ಮ ಕಡೆ ಅದಕ್ಕೆ ದರಿ ಅನ್ನುತ್ತಾರೆ. ತಳದಲ್ಲೊಂದು ಝರಾ, ಸುತ್ತ ಸರಕಾರಿ ಜಂಗಲ್. ಒಮ್ಮೆ ಮೋಟಾರು ಕೆಟ್ಟು ನಿಂತಾಗ ಮುನ್ಶಿಜಿ ಅಲ್ಲಿಗಿಳಿದು ಆ ನೀರು ಕುಡಿದು ಬಂದರು. ಅಂದಿನಿಂದ ಅವರಿಗೆ ಅದೇ ಧ್ಯಾನ.

"ಮಾಸ್ತರ, ಆ ಝರಾದ ಬಾಜೂಕ ಡೇರೆ ಹೊಡದು ಎರಡು ದಿನ ಇರಬೇಕ್ರಿ. ಸಾಯೂದ್ರೊಳಗ ಇಷ್ಟಾದ್ರ ಸಾಕು."

ಮುನ್ಶಿಜಿ ತಮಗಾಗಿ ಬೇರೇನನ್ನೂ ಬೇಡಿದ್ದನ್ನು ನಾನು ಕೇಳಿಲ್ಲ.

ಜಂಗಲಾತ್ ಕಚೇರಿ

ಸರಕಾರಿ ಜಂಗಲದಲ್ಲಿ ಪರವಾನಗಿ ಇಲ್ಲದೆ ಒಣ ಎಲೆ ಮುಟ್ಟಿದರೂ ತಪ್ಪು. ಹೀಗಾಗಿ ಮೂವರೂ ಒಳ್ಳೆ ಬಟ್ಟೆ ಹಾಕಿಕೊಂಡು ಜಂಗಲಾತ್ ಕಚೇರಿಗೆ ಹೋದೆವು. ಅಲ್ಲಿನ ಸಾಹೇಬರು ಪಾನ್ ಮೆಲ್ಲುತ್ತ ಕೇಳಿದರು.

"ಶಿಕಾರಿಗೇನ್ರಿ?"

"ಅಲ್ರಿ ಸಾಹೇಬ್ರ."

"ಕಟಗಿಗಿ?"

"ಅಲ್ರಿ."

"ಜೇನಿಗಿ?"

"ಜೇನು ನಮ್ಮ ಅಂಗಡ್ಯಾಗೇ ಅದರಿ," ಅಂದರು ಸಾವಕಾರರು.

"ಮತ್ತ ಯಾತಕ್ಕ?"

"ಇರ್ಲಾಕ್ರಿ," ಅಂದರು ಮುನ್ಶಿಜಿ. "ಎರಡು ದಿನ ಸುಮ್ನ ಇರ್ಲಾಕ."

ಸಾಹೇಬರು ಮೆಲ್ಲುವುದನ್ನು ನಿಲ್ಲಿಸಿ ಒಬ್ಬೊಬ್ಬರ ಮುಖವನ್ನೂ ನೋಡಿದರು. "ಮೂರೂ ಮಂದಿ ಮನ್ಯಾಗ ಒಮ್ಮಿಗೇ ಜಗಳ ಆಗ್ಯಾವೇನ್ರಿ?"

ಶಿಕಾರಿಗೆ ಪರವಾನಗಿ ಇತ್ತು, ಕಟ್ಟಿಗೆಗಿತ್ತು, ದನ ಮೇಯಿಸಲಿಕ್ಕಿತ್ತು. ಸುಮ್ಮನೆ ಇರುವುದಕ್ಕೆ ನಿಜಾಮ ಸರಕಾರದಲ್ಲಿ ಪರವಾನಗಿಯೇ ಇರಲಿಲ್ಲ. ಕೊನೆಗೆ ಸಾಹೇಬರಿಗೇ ಕನಿಕರ ಬಂತು.

"ದನ ಮೇಯಿಸೋದು ಅಂತ ಬರಸ್ತೇನಿ. ದನ ಎಷ್ಟು?"

ಮುನ್ಶಿಜಿ ನಮ್ಮಿಬ್ಬರ ಕಡೆ ನೋಡಿ, ಎದೆ ಮೇಲೆ ತಮ್ಮ ಕೈಯನ್ನೂ ಇಟ್ಟುಕೊಂಡು, "ಮೂರು," ಅಂದರು.

"ಎತ್ತೋ, ಆಕಳೋ?"

ಸಾವಕಾರರು ಗಾಬರಿಯಾಗಿ, "ಹೆಣ್ಮಕ್ಕಳು ಬರೂದಿಲ್ರಿ," ಅಂದರು.

ಗುಮಾಸ್ತ ಎಷ್ಟು ದಿನದ ಪರವಾನಗಿ ಎಂದು ಬರೆಯುವುದನ್ನೇ ಮರೆತ. ದರಿಯ ದಾರಿ ಕಾಯುವ ಜಂಗಲ್ ನಾಕೆಯ ಜವಾನನೂ ಅಲ್ಲೇ ಇದ್ದ; ಅದನ್ನು ನೋಡಿ, "ಮೂರು ದನ. ನೆನಪಿಟ್ಟೇನ್ರಿ, ಯಾವಾಗರ ಬರ್ರಿ," ಎಂದು ಸಲಾಮು ಹೊಡೆದ. ಅಂತೂ ಮನುಷ್ಯರಾಗಿ ಒಳಗೆ ಹೋದ ನಾವು ಸರಕಾರಿ ಮುದ್ರೆಯೊಂದಿಗೆ ದನಗಳಾಗಿ ಹೊರಗೆ ಬಂದೆವು.

ಡೇರೆಯ ತಾಲೀಮು

ಮುನ್ಶಿಜಿ ಎಲ್ಲಿಂದಲೋ ಒಂದು ಹಳೆಯ ಡೇರೆ ತಂದರು. ಅದನ್ನು ಹೊಡೆಯುವುದು ನಮಗ್ಯಾರಿಗೂ ಬರದು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ಜಾತಿ ನಮ್ಮದು; ದರಿಗೆ ಹೋಗುವ ಮೊದಲು ತಾಲೀಮು ಮಾಡೋಣ ಎಂದು ಮನ್ನಳ್ಳಿಯಲ್ಲಿ ಸಾವಕಾರರ ಬೀಗರ ಬೀಳು ಹೊಲಕ್ಕೆ ಹೋದೆವು.

ಆಗಿನ ಕಾಲದಲ್ಲಿ ಡೇರೆ ಹೊಡೆಯುತ್ತಿದ್ದವರು ಹಳ್ಳಿಗಳ ತಪಾಸಣೆಗೆ ದೌರಾ ಮೇಲೆ ಬಂದ ಸಾಹೇಬರು ಮಾತ್ರ. ಅದಕ್ಕೆ ಅವರು ಕ್ಯಾಂಪ್ ಅನ್ನುತ್ತಿದ್ದರು; ನಾವೂ ದರಿಗೆ ಹೋಗುವುದಕ್ಕೆ ಅದೇ ಹೆಸರಿಟ್ಟಿದ್ದೆವು. ನಮ್ಮ ಡೇರೆ ಏಳುವಷ್ಟರಲ್ಲಿ ಪಾಟೀಲರು ಹಾಲಿನ ಗಿಂಡಿ ಹಿಡಿದು ಬಂದರು, ಅವರ ಹಿಂದೆ ಅರ್ಧ ಊರು ಬಂತು. ಶೇರವಾನಿ ತೊಟ್ಟು ತುರ್ಕಿ ಟೋಪಿ ಹಾಕಿದ ಮುನ್ಶಿಜಿಯನ್ನು ನೋಡಿದ ಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ.

"ನಾ ಸಾಹೇಬ ಅಲ್ರೆಪಾ, ಸಾಲಿ ಮುನ್ಶಿ."

"ದೊಡ್ಡವ್ರು ಹಿಂಗೇ ಅಂತಾರ್ರಿ," ಎಂದು ಪಾಟೀಲರು ಕೈಮುಗಿದರು.

ಅಣ್ಣತಮ್ಮಂದಿರಿಬ್ಬರು ಬದುವಿನ ಮೇಲಿನ ಬೇವಿನ ಗಿಡದ ತಕರಾರು ತಂದಿದ್ದರು. ಮುನ್ಶಿಜಿ ತಪ್ಪಿಸಿಕೊಳ್ಳಲು ದಾರಿ ಕಾಣದೆ ಕೇಳಿದರು.

"ಮುಂಜಾನಿ ನೆರಳು ಯಾರ ಹೊಲಕ್ಕ ಬೀಳ್ತದ?"

"ಇವಂದಕ್ಕರಿ."

"ಸಂಜಿಗಿ?"

"ನಂದಕ್ಕ."

"ಗಿಡಾನೇ ತೀರ್ಪು ಕೊಟ್ಟದಲ್ಲಪಾ. ಮುಂಜಾನಿ ಅವಂದು, ಸಂಜಿಗಿ ನಿಂದು. ಇನ್ನ ಮನಿಗಿ ಹೋಗ್ರಿ."

ಇಬ್ಬರಿಗೂ ಎಷ್ಟು ಸಂತೋಷವಾಯಿತೆಂದರೆ, ಜಿಗಿದಾಡುವ ಒಂದು ಕೋಳಿಯನ್ನು ತಂದು ಸಾವಕಾರರ ಕೈಯಲ್ಲಿಟ್ಟರು. ಬೇಡ ಅಂದರೆ ತೀರ್ಪಿಗೆ ಅವಮಾನ. ಕೊರಳಲ್ಲಿ ಲಿಂಗ ಕಟ್ಟಿದ ಸಾವಕಾರರು ಆ ಕೋಳಿಯನ್ನು ಕೂಸಿನಂತೆ ಎತ್ತಿಕೊಂಡು ಭಾಲ್ಕಿಗೆ ಹೋಗಿ ಸಾಕಿದರು. ಬೀದರ ಸೀಮೆಯಲ್ಲಿ ಮುಪ್ಪು ಬಂದು ಸತ್ತ ಕೋಳಿ ಅದೊಂದೇ ಇರಬೇಕು.

ಡೇರೆ ಹೊಡೆಯಲು ಕಲಿತ ಮರುದಿನವೇ ನಾವು ದರಿಗೆ ಹೋಗಬಹುದಿತ್ತು. "ಮುಂದಿನ ಸೂಟಿಗೆ ಹೋಗೂಣ್ರಿ," ಅಂದುಕೊಂಡೆವು. ಸಾಲೆಗೆ ಮತ್ತೆ ರಜೆ ಬರಲಿ ಎಂದು ಕಾದೆವು.

ಸಾಹೇಬರ ನಾಷ್ಟಾ

ಮುಂದಿನ ಸೂಟಿಗಿಂತ ಮೊದಲು ನಿಜಾಮರ ಪರ ಬಂದೂಕು ಹಿಡಿದ ರಜಾಕಾರರ ಹಾವಳಿ ಬಂತು. ಹಳ್ಳಿಗಳು ಖಾಲಿಯಾದವು. ಜನ ಗಂಟುಮೂಟೆ ಕಟ್ಟಿಕೊಂಡು ಗಡಿಯಾಚೆ ಸೊಲ್ಲಾಪುರದ ಕಡೆಯ ಕ್ಯಾಂಪುಗಳಿಗೆ ಓಡತೊಡಗಿದರು. ಕ್ಯಾಂಪ್ ಎಂಬ ಶಬ್ದ ನಮ್ಮ ಮುದುಕಿಯರ ಬಾಯಿಗೂ ಬಂದದ್ದು ಆಗ. ಅವರ ಪಾಲಿಗೆ ಅದರ ಅರ್ಥ ಒಂದೇ: ಇದ್ದದ್ದನ್ನು ಬಿಟ್ಟು ಓಡು.

ಸಾವಕಾರರ ಅಂಗಡಿಯ ಮೇಲೂ ಕಣ್ಣು ಬಿದ್ದಿದೆ ಎಂದು ಸುದ್ದಿ ಬಂತು. ಮುನ್ಶಿಜಿ ಡೇರೆ ಹೊತ್ತುಕೊಂಡು ಭಾಲ್ಕಿಗೆ ಹೋದರು. "ಅಲ್ಲಿ ಹೋಗಿ ಎಲ್ಲಿ ಮಲಗ್ತೀರಿ? ಇದು ಇರ್ಲಿ," ಅಂದರು. ಅಷ್ಟಕ್ಕೇ ಸುಮ್ಮನಾಗದೆ, ಸಾವಕಾರರ ಹೆಂಡತಿ ಮಕ್ಕಳನ್ನು ಗಾಡಿಯಲ್ಲಿ ಮಲಗಿಸಿ ಮೇಲೆ ಡೇರೆ ಹೊದಿಸಿ, ಸಾವಕಾರರ ತಲೆಗೆ ಮುಂಡಾಸು ಸುತ್ತಿ ಗಾಡಿ ಹೊಡೆಯಲು ಕೂರಿಸಿ, ತಾವು ಟೋಪಿ ಸರಿಮಾಡಿಕೊಂಡು ಮುಂದೆ ನಡೆದರು.

ದಾರಿಯಲ್ಲಿ ಬಂದೂಕಿನವರು ತಡೆದರು. ಮುನ್ಶಿಜಿ ಗದರಿದರು. "ದೌರಾ ಸಾಹೇಬರ ಡೇರೆ! ಹಾದಿ ಬಿಡ್ರಿ!"

ಅಷ್ಟರಲ್ಲಿ ಡೇರೆಯೊಳಗಿಂದ ಆ ಮನ್ನಳ್ಳಿಯ ಕೋಳಿ ಕೂಗಿತು. ಸಾವಕಾರರ ಹೆಂಡತಿ ಬಂಗಾರ ಬಿಟ್ಟು ಕೋಳಿಯನ್ನು ಎತ್ತಿಕೊಂಡು ಬಂದಿದ್ದರು!

"ಒಳಗ ಏನದ?"

"ಸಾಹೇಬರ ನಾಷ್ಟಾ," ಅಂದರು ಮುನ್ಶಿಜಿ. "ತೆಗದು ನೋಡ್ರಿ. ಹಾರಿ ಹೋದ್ರ ಸಾಹೇಬರಿಗಿ ನೀವೇ ಜವಾಬು ಹೇಳ್ರಿ."

ಗಾಡಿ ದಾಟಿತು. ಡೇರೆ ಕ್ಯಾಂಪಿಗೆ ಹೋಯಿತು, ಕೋಳಿಯೂ ಹೋಯಿತು. ಕ್ಯಾಂಪಿಗೆ ಹೋಗಬೇಕೆಂದು ಅಷ್ಟು ದಿನ ತಯಾರಿ ಮಾಡಿದ ಮುನ್ಶಿಜಿ ಮತ್ತು ನಾನು ಮಾತ್ರ ಊರಲ್ಲೇ ಉಳಿದೆವು.

ದೇವರಿಗೆ ನೆಗಡಿ

ಆಮೇಲೆ ಭಾರತದ ಸೈನ್ಯ ಬಂದು ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆಯಿತು. ನಮಗೆಲ್ಲ ಉಸಿರು ಬಂತು, ಮುನ್ಶಿಜಿಯ ಮನೆಯವರಿಗೆ ಉಸಿರಾಡುವುದೇ ಕಷ್ಟವಾಯಿತು. ಯಾರೋ ಮಾಡಿದ್ದಕ್ಕೆ ಇನ್ಯಾರೋ ತೆರುವ ದಿನಗಳು ಅವು. ಹೊರಗಿನಿಂದ ಬಂದ ಗುಂಪೊಂದು ಗಲ್ಲಿ ಗಲ್ಲಿಯಲ್ಲಿ ಮುಸಲ್ಮಾನರ ಮನೆ ಹುಡುಕುತ್ತಿದೆ ಎಂದು ತಿಳಿದ ಕೂಡಲೆ ನಮ್ಮ ಅವ್ವ ಅವರನ್ನೆಲ್ಲ ಹಿತ್ತಲ ಬಾಗಿಲಿನಿಂದ ನಮ್ಮ ಮನೆಗೆ ಕರೆತಂದಳು. ಮುನ್ಶಿಜಿಯ ಹೆಂಡತಿ ಬೀಬಿಯವರನ್ನೂ ಮಕ್ಕಳನ್ನೂ ಅಡುಗೆಮನೆಗೆ ಕಳಿಸಿದಳು. ಮುನ್ಶಿಜಿಯನ್ನು ಎಲ್ಲಿಡುವುದು? ನಾನೇ ಸ್ನಾನ ಮಾಡದೆ ಹೋದರೆ ಬೈಸಿಕೊಳ್ಳುತ್ತಿದ್ದ ದೇವರಮನೆಗೆ ಅವರನ್ನು ತಳ್ಳಿ ಕದ ಹಾಕಿ, ಮುಂದೆ ತಾನೇ ಕೂತಳು.

ಗುಂಪು ಬಂತು. ಒಳಗೆ ಊದಿನಕಡ್ಡಿಯ ಹೊಗೆ. ಮುನ್ಶಿಜಿ ಸೀನಿದರು. ಅವ್ವ ಗಂಟೆ ಬಾರಿಸಿದಳು. ಅವರು ಮತ್ತೆ ಸೀನಿದರು, ಇವಳು ಮತ್ತೆ ಬಾರಿಸಿದಳು.

"ಏನಮ್ಮಾ, ಒಳಗ ಯಾರೋ ಸೀನ್ಲಾಕತ್ತಾರಲ್ಲ?"

ಅವ್ವ ಗಂಟೆ ಇಳಿಸಲಿಲ್ಲ. "ನಮ್ಮ ದೇವರಿಗಿ ನೆಗಡಿ ಆಗ್ಯಾದಪಾ. ಕದ ತಗದು ಗಾಳಿ ತಾಕಿಸಬ್ಯಾಡ್ರಿ."

ಅವಳ ಮುಖದಲ್ಲಿ ಏನಿತ್ತೋ, ಅವರು ಹಾಗೇ ಹೋದರು. ಮುನ್ಶಿಜಿ ಹೊರಗೆ ಬಂದಾಗ ಅಂಗಿಯೆಲ್ಲ ಕುಂಕುಮವಾಗಿತ್ತು. ಅವ್ವ ಅವರನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟು ಸೀನೋ ದೇವರನ್ನ ನಾ ಕಂಡೇ ಇಲ್ಲ," ಅಂದಳು.

ಎಲ್ಲರೂ ನಕ್ಕೆವು. ಆದರೆ ಅವರ ಮನೆಯಲ್ಲಿ ಕದವೂ ಉಳಿದಿರಲಿಲ್ಲ. ನನ್ನ ಉರ್ದುವನ್ನು ತಿದ್ದುವುದನ್ನು ಮುನ್ಶಿಜಿ ಆ ದಿನದಿಂದ ಬಿಟ್ಟರು. ನಾನು ಬೇಕೆಂದೇ ತಪ್ಪು ಮಾತಾಡಿ ನೋಡಿದೆ, ಸುಮ್ಮನೆ ತಲೆಯಾಡಿಸಿದರು.

ಎಲ್ಲಾರೂ ಕ್ಯಾಂಪಿಗೆ ಹೊಂಡ್ರಿ

ಗಾಳಿ ತಣ್ಣಗಾದ ಮೇಲೆ ಸಾವಕಾರರು ತಿರುಗಿ ಬಂದರು, ಡೇರೆಯೂ ಬಂತು. ಆದರೆ ಬೀಬಿಯವರು ಹೈದರಾಬಾದಿಗೆ, ತಮ್ಮ ಅಣ್ಣನ ಮನೆಗೆ ಹೋಗಿಬಿಡೋಣ ಎಂದು ಹಟ ಹಿಡಿದಿದ್ದರು. ಮುನ್ಶಿಜಿಗೆ ಬೀದರ ಬಿಡಲು ಮನಸ್ಸಿಲ್ಲ.

"ಮಾಸ್ತರ, ಈಗ ಆ ದರಿಗಿ ಹೋಗಲೇಬೇಕ್ರಿ. ನಾವು ಮೂವರು ಎರಡು ದಿನ ಬಯಲಾಗ ಮಲಗಿ ಬಂದ್ರ ಆಕಿಗಿ ಧೈರ್ಯ ಬರ್ತದ. ಆಮ್ಯಾಲ ಆಕಿನ್ನೂ ಕರಕೊಂಡು ಹೋಗಿ ಆ ನೀರು ಕುಡಿಸ್ತೇನಿ. ಇಲ್ಲೇ ಇರೂಣು ಅಂತ ಆಕೀನೇ ಅಂತಾಳ, ನೋಡ್ರಿ."

ಸೂಟಿಗೂ ಕಾಯಲಿಲ್ಲ. ಮುನ್ಶಿಜಿಯೂ ನಾನೂ ಬೆಳಿಗ್ಗೆಯೇ ಹೊರಟು ದರಿಯಲ್ಲಿ ಜಾಗ ಸ್ವಚ್ಛ ಮಾಡುವುದು, ಸಾವಕಾರರು ಭಾಲ್ಕಿಯಿಂದ ಡೇರೆ ತರುವುದು ಎಂದು ಮಾತಾಯಿತು. ನಾವು ಹೊರಟೆವೋ ಇಲ್ಲವೋ ಎಂದು ಸಾವಕಾರರಿಗೆ ಅನುಮಾನ. ಬೀದರಿಗೆ ಮೊದಲು ಹೊರಟ ಮೋಟಾರಿನ ಡ್ರೈವರನ ಕೈಯಲ್ಲಿ ನಮ್ಮ ಮನೆಗೆ ಬಾಯಿಮಾತು ಕಳಿಸಿದರು. ಅವನು ಗಲ್ಲಿಯ ಬಾಯಲ್ಲಿ ಮೋಟಾರು ನಿಲ್ಲಿಸಿ, ಇಳಿಯುವ ಕಷ್ಟವೇಕೆಂದು ಅಲ್ಲಿಂದಲೇ ಕೂಗಿದನಂತೆ.

"ಭಾಲ್ಕಿ ಸಾವಕಾರ್ರು ಹೇಳ್ಯಾರ್ರಿ! ಎಲ್ಲಾರೂ ಕ್ಯಾಂಪಿಗೆ ಹೊಂಡ್ರಿ! ಅವರೂ ಡೇರೆ ತೊಗೊಂಡು ಬರ್ಲಾಕತ್ತಾರ! ದರಿ ಕಡಿ ಹೋಗ್ರಿ!"

ಕ್ಯಾಂಪ್ ಎಂದ ಕೂಡಲೆ ನಮ್ಮ ಡೇರೆಯ ಹುಚ್ಚು ಯಾರಿಗೂ ನೆನಪಾಗಲಿಲ್ಲ; ಒಮ್ಮೆ ಓಡಿದ ಸಾವಕಾರರೇ ಮತ್ತೆ ಓಡುತ್ತಿದ್ದಾರೆ ಅಂದಮೇಲೆ ಕೇಳಬೇಕೇ? ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಅವ್ವ ಮೊದಲು ಮುನ್ಶಿಜಿಯ ಮನೆಗೆ ಓಡಿ, "ಮತ್ತ ಸುರು ಆಗ್ಯಾದಂತ, ಏಳ್ರಿ ಬೀಬಿ, ನಮ್ಮ ಗಾಡ್ಯಾಗ ಕೂಡ್ರಿ," ಎಂದು ಅವರ ಕೈ ಹಿಡಿದೆಳೆದಳು. ಎದುರು ಮನೆಯವರು ಅದನ್ನು ನೋಡಿ ಗಾಡಿ ಕಟ್ಟಿದರು. ಅವರನ್ನು ನೋಡಿ ಪಕ್ಕದವರು.

ನಾವಿಬ್ಬರೂ ದರಿಯಲ್ಲಿ ಕಲ್ಲು ಆರಿಸುತ್ತಿದ್ದೆವು. ತಲೆ ಎತ್ತಿ ನೋಡಿದರೆ ಗುಡ್ಡದ ಮೇಲಿಂದ ನಮ್ಮ ಗಲ್ಲಿಯೇ ಇಳಿದು ಬರುತ್ತಿದೆ! ಗಾಡಿಗಳು, ಆಡುಗಳು, ಬೀಸುವ ಕಲ್ಲು, ಒಬ್ಬರ ತಲೆಯ ಮೇಲೆ ಬಾಗಿಲೇ ಇಲ್ಲದ ಕೋಳಿಗೂಡು. ನಾಕೆಯ ಜವಾನ ಕೈ ಅಡ್ಡ ಹಿಡಿದುಕೊಂಡು ಅವರ ಹಿಂದೆ ಓಡಿ ಬರುತ್ತಿದ್ದ.

ಮುನ್ಶಿಜಿ ಕಸಬರಿಗೆ ಕೆಳಗಿಟ್ಟರು. "ಮಾಸ್ತರ, ನಮ್ಮ ಪರವಾನಗಿ ಮೂರೇ ದನಕ್ಕ ಅದಲ್ರಿ!"

ವಿಷಯ ತಿಳಿದ ಮೇಲೆ ಗಲ್ಲಿಗೆ ಗಲ್ಲಿಯೇ ಬಿದ್ದು ಬಿದ್ದು ನಕ್ಕಿತು. ಬಂದದ್ದು ಬಂದೆವು ಎಂದು ಹೆಂಗಸರು ಒಲೆ ಹೂಡಿ ರೊಟ್ಟಿ ಬಡಿದರು. ಸಾವಕಾರರು ಡೇರೆ ಹೊತ್ತುಕೊಂಡು ಬಂದು, ಜನ ನೋಡಿ, "ಯಾರ ಮದುವಿರಿ ಇದು?" ಅಂದರು. ಮತ್ತೊಮ್ಮೆ ನಗು.

ಬೀಬಿಯವರೊಬ್ಬರೇ ನಗಲಿಲ್ಲ. ಝರಾದ ಪಕ್ಕದಲ್ಲೇ ಕೂತಿದ್ದರು. ಮುನ್ಶಿಜಿ ಬೊಗಸೆಯಲ್ಲಿ ನೀರು ತಂದು ಹಿಡಿದರು. ಅವರು ಕುಡಿದರು, ಆಮೇಲೆ ಮೆಲ್ಲಗೆ ಹೇಳಿದರು.

"ಎಲ್ಲಾರೂ ನಗ್ಲಾಕತ್ತಾರ. ನನ್ನ ಕೈಕಾಲು ಇನ್ನೂ ನಡಗ್ಲಾಕತ್ತಾವ. ಸುಳ್ಳ ಸುದ್ದಿಗೇ ಹಿಂಗಾದ್ರ ನಾ ಇಲ್ಲಿ ಹ್ಯಾಂಗ ಇರ್ಲಿ?"

ಮುನ್ಶಿಜಿ ಎದ್ದು ಗಾಡಿ ಕಟ್ಟಲು ಹೇಳಿದರು. ಹೊತ್ತು ಇಳಿಯುವ ಮೊದಲು ಗಾಡಿಗಳು ತಿರುಗಿದವು. ಸುತ್ತಿ ತಂದ ಡೇರೆಯ ಹಗ್ಗವನ್ನು ಯಾರೂ ಬಿಚ್ಚಲೇ ಇಲ್ಲ.

ಇನ್ನೊಂದು ದನ

ಹೈದರಾಬಾದಿಗೆ ಹೊರಟ ಮುನ್ಶಿಜಿಯ ಮನೆಯವರನ್ನು ರೈಲು ಹತ್ತಿಸಲು ಬಂದ ಸಾವಕಾರರು ಡೇರೆಯನ್ನೇ ಹೊತ್ತು ತಂದಿದ್ದರು. ನಿಮ್ಮದು, ತೊಗೊಳ್ರಿ ಎಂದು ಒತ್ತಾಯ ಮಾಡಿದರು.

"ನಕ್ಕೊ, ಬ್ಯಾಡ್ರಿ ಸಾವಕಾರ. ಉಳದ ಎರಡು ದನಕ್ಕ ನೆರಳು ಬೇಕಲ್ರಿ," ಅಂದರು ಮುನ್ಶಿಜಿ. ರೈಲು ಅಲುಗಿದಾಗ ಕಿಟಕಿಯಿಂದ ತಲೆ ಹೊರಹಾಕಿ, "ಮಾಸ್ತರ, ಮುಂದಿನ ಸಲ ಕ್ಯಾಂಪಿಗೆ ಹೊಂಟೇವಿ ಅನಬ್ಯಾಡ್ರಿ. ಮೇಯ್ಲಾಕ ಹೊಂಟೇವಿ ಅನ್ರಿ!" ಎಂದು ಕೂಗಿದರು. ನಾವು ನಗುತ್ತ ಕೈ ಬೀಸಿದೆವು. ಮನೆಗೆ ಬರುವ ದಾರಿಯಲ್ಲಿ ಸಾವಕಾರರೂ ನಾನೂ ಸರದಿಯಂತೆ ಡೇರೆ ಹೊತ್ತೆವು.

ನಾವಿಬ್ಬರೇ ಆ ದರಿಗೆ ಹೋಗಬಹುದಿತ್ತು. ಹೋಗಲಾಗಲಿಲ್ಲ. ಔರಾದಿಗೆ ಹೋಗುವಾಗ ಒಮ್ಮೆ ಮೋಟಾರು ನಾಕೆಯ ಹತ್ತಿರ ನಿಂತಿತು. ಅದೇ ಜವಾನ, ಮೀಸೆ ಬೆಳ್ಳಗಾಗಿತ್ತು. ನನ್ನ ಗುರುತು ಹಿಡಿದು ಸಲಾಮು ಹೊಡೆದ.

"ಮಾಸ್ತರ, ಆ ಮೂರು ದನ ಬರ್ಲೇ ಇಲ್ಲಲ್ರಿ?"

ಅವನಿಗೆ ಏನೆಂದು ಹೇಳಲಿ? "ಒಂದು ತಪ್ಪಿಸ್ಕೊಂಡದಪಾ," ಅಂದೆ. "ಹೈದರಾಬಾದ ಕಡಿ ಹೋಗ್ಯಾದ."

ಅವನು ನಿಜವೆಂದೇ ತಿಳಿದ. ಎತ್ತು ಕಳೆದುಕೊಂಡವನನ್ನು ಕಂಡಂತೆ ಮರುಗಿ, ಕಿಟಕಿಗೆ ಕೈಯೂರಿ ನನಗೆ ತಿಳಿಹೇಳಿದ.

"ಹಂಗ ಬಿಡಬ್ಯಾಡ್ರಿ. ತಪ್ಪಿಸ್ಕೊಂಡ ದನಾ ಹಿಡದು ಅಲ್ಲಿ ಕೊಂಡವಾಡದಾಗ ಕಟ್ಟಿರ್ತಾರ, ಹೋಗಿ ನೋಡ್ರಿ. ಯಾರರ ಬಂದು 'ಇದು ನಮ್ದದರಿ' ಅಂದ್ರ ಸಾಕು, ಬಿಟ್ಟು ಕಳಸ್ತಾರ."