ಫೋರ್ಕಿನ ಗಾಳಿ ಎಲ್ಲಿ ಹೋಯಿತು

ಸೈಕಲ್ ರಿಪೇರಿ ಮಾಡುವವನ ಅಂಗಡಿಗೆ ಕೆಟ್ಟ ಸೈಕಲ್ ಬರುವುದು ಕಡಿಮೆ. ಮನೆಯಲ್ಲಿ ಒಮ್ಮೆ ರಿಪೇರಿಯಾದ ಸೈಕಲ್ಲೇ ಹೆಚ್ಚು ಬರುತ್ತದೆ. ಫೋಂಡಾದಲ್ಲಿ ನಾನು ಅಂಗಡಿ ಇಟ್ಟಾಗಿನಿಂದ ಇದು ತಪ್ಪಿಲ್ಲ, ಇನ್ನು ತಪ್ಪುವುದೂ ಇಲ್ಲ. ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಮೊಬೈಲಿನಲ್ಲಿ ವಿಡಿಯೋ ಇದೆ, ವಿಡಿಯೋದಲ್ಲಿ ಬಿಚ್ಚುವುದನ್ನು ಬಲು ಚೆನ್ನಾಗಿ ತೋರಿಸುತ್ತಾರೆ.

ನಮ್ಮಪ್ಪ ವಿಜಯಪುರದ ಕಡೆಯಿಂದ ಈ ಕೊಂಕಣಿ ಸೀಮೆಗೆ ಬಂದು, ಬಾಯ್ನಾದಲ್ಲಿದ್ದು ಬಂದರಿನಲ್ಲಿ ಮೂಟೆ ಹೊತ್ತವನು. ನಾನು ಹೊರುವುದು ಬೇಡವೆಂದು ನಟ್ಟು ಬಿಚ್ಚುವ ಪಾನಾ ಹಿಡಿದೆ. ಈ ಕೆಲಸದಲ್ಲಿ ನನಗಿರುವ ಆಸ್ತಿ ಎಂದರೆ ಹೆಸರೊಂದೇ. ಆ ಹೆಸರನ್ನು ಅಲ್ಲಾಡಿಸಿದ್ದು ಒಬ್ಬ ಗಿರಾಕಿ. ನಮ್ಮ ಕಡೆಯವರೇ, ಹತ್ತಿರದ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ನಾನು ಕರೆಯುವುದು ಸಾಹೇಬ್ರ ಎಂದು, ಅವರು ನನ್ನನ್ನು ಕರೆಯುವುದು ಮಿಸ್ತ್ರಿ ಎಂದು. ಡಾಕ್ಟರು ಸಕ್ಕರೆ ಕಾಯಿಲೆ ಇದೆ ಅಂದ ವಾರದಲ್ಲೇ ಸಾಹೇಬರು ಗುಡ್ಡ ಹತ್ತುವ ಸೈಕಲ್ ತೆಗೆದುಕೊಂಡರು. ಊರಾಚೆ ಗುಡ್ಡದ ಮೇಲೊಂದು ಗುಡಿ ಇದೆ. ಅಲ್ಲಿಯತನಕ ಎಲ್ಲೂ ಕಾಲೂರದೆ ಏರಿ ತೋರಿಸುತ್ತೇನೆ ಎಂದು ಫ್ಯಾಕ್ಟರಿಯವರ ಮುಂದೆ ಹೇಳಿಬಿಟ್ಟಿದ್ದರು.

ಬೊಟ್ಟು

ಆ ಸೈಕಲ್ಲಿನ ಮುಂದಿನ ಗಾಲಿಯ ಎರಡೂ ಬದಿಗೆ ಕೊಳವೆಯಂಥ ಎರಡು ಕಾಲುಗಳಿರುತ್ತವೆ. ಅದಕ್ಕೆ ಫೋರ್ಕ್ ಅನ್ನುತ್ತಾರೆ. ಒಂದು ಕಾಲಿನಲ್ಲಿ ಗಾಳಿ, ಇನ್ನೊಂದರಲ್ಲಿ ಎಣ್ಣೆ. ತಗ್ಗು ಬಂದರೆ ಅದು ಕುಗ್ಗಿ ಮತ್ತೆ ಏಳಬೇಕು, ಸವಾರನ ಕೈಗೆ ಏಟು ಬೀಳಬಾರದು. ಇಷ್ಟೇ ಅದರ ಕೆಲಸ.

ಖಂಡೇನವಮಿಯ ಆಯುಧಪೂಜೆ ಆದ ಮರುದಿನ ಸಾಹೇಬರು ಬಂದರು. ಫೋರ್ಕ್ ಕೆಳಗೆ ಹೋದರೆ ಕರಕರ ಅನ್ನುತ್ತಿತ್ತು.

"ಮನ್ಯಾಗ ಏನರ ಮಾಡಿದ್ರೇನ್ರಿ?" ಅಂದೆ.

"ಬಿಚ್ಚಿ ಒರಸಿ ಜೋಡ್ಸೇನಿ, ಅಷ್ಟ. ಆಮ್ಯಾಲ ನಮ್ಮ ಮನಿಯಾಕಿ ಪೂಜಿ ಮಾಡಿದ್ಲು."

ಒಳಗೆ, ಗಾಳಿ ತಡೆಯುವ ರಬ್ಬರ್ ಸೀಲಿನ ಸುತ್ತ ಅರಿಷಿಣ, ಕುಂಕುಮ, ನಾಲ್ಕು ಅಕ್ಷತೆ ಕಾಳು. ಮೇಲಿನ ಕೊಳವೆಗೆ ದಪ್ಪಗೆ ಬೊಟ್ಟು ಇಟ್ಟಿದ್ದರು. ಸಾಹೇಬರು ಹತ್ತಿ ಕೂತಾಗ ಬೊಟ್ಟು ಸಮೇತ ಕೊಳವೆ ಒಳಗೆ ಇಳಿದಿತ್ತು. ಎಲ್ಲ ತೊಳೆದು ಕೊಟ್ಟೆ.

"ಮುಂದಿನ ವರ್ಷ ಹ್ಯಾಂಡಲ್‌ಗೆ ಹಚ್ಚಾಕ ಹೇಳ್ರಿ," ಅಂದೆ.

"ಹೇಳಿ ನೋಡಿದೆ, ಮಿಸ್ತ್ರಿ. ಇಡೀ ಸೈಕಲ್ಲಿನ್ಯಾಗ ಹೊಳೆಯೂದು ಅದೊಂದ ಐತಿ, ದೇವ್ರು ಇದ್ರ ಅಲ್ಲೇ ಇರ್ತಾನ ಅಂದ್ಲು."

ಬೆಳಿಗ್ಗೆ ಕಲ್ಲು, ಮಧ್ಯಾಹ್ನ ಬೆಣ್ಣೆ

ಡಿಸೆಂಬರಿನಲ್ಲಿ ಹೊಸ ತಕರಾರು. ಬೆಳಿಗ್ಗೆ ಆರಕ್ಕೆ ಹೊರಟರೆ ಫೋರ್ಕ್ ಅಲ್ಲಾಡುವುದಿಲ್ಲ, ಕಲ್ಲಿನ ಕಂಬ. ಮಧ್ಯಾಹ್ನ ಹನ್ನೆರಡಕ್ಕೆ ನನ್ನ ಅಂಗಡಿಗೆ ತಂದರೆ ಬೆಣ್ಣೆ. ಮೂರು ದಿನ ಹೀಗೇ ಬಂದು ಹೋದರು. ನನಗೆ ಸಾಹೇಬರ ಮೇಲೇ ಸಂಶಯ ಬಂತು. ನಾಲ್ಕನೇ ದಿನ ನಾನೇ ಅವರ ಮನೆಗೆ ಬೆಳಿಗ್ಗೆ ಆರಕ್ಕೆ ಹೋಗಿ ಫೋರ್ಕ್ ಒತ್ತಿದೆ. ಖರೇನೇ ಕಲ್ಲು.

ಅಲ್ಲೇ ಬಿಚ್ಚಿದೆ. ಘಮ್ಮೆಂದು ವಾಸನೆ ಬಂತು. ಎಣ್ಣೆಯ ಕಾಲಿನಲ್ಲಿ ಎಣ್ಣೆ ಇರಲಿಲ್ಲ, ಬೆಳ್ಳಗೆ ಹೆಪ್ಪುಗಟ್ಟಿದ ಮುದ್ದೆ ಇತ್ತು.

"ಇದು ಕೊಬ್ಬರಿ ಎಣ್ಣಿ ಅಲ್ಲೇನ್ರಿ, ಸಾಹೇಬ್ರ?"

"ಗಾಣದ್ದು, ಮಿಸ್ತ್ರಿ. ಕಲಬೆರಕಿ ಏನೂ ಇಲ್ಲ."

"ಚಳಿಗೆ ಗಟ್ಟಿ ಆಗೂದಿಲ್ಲೇನ್ರಿ ಅದು?"

ಸಾಹೇಬರು ಆ ಮುದ್ದೆಯನ್ನು ಬೆರಳಿನಿಂದ ಒತ್ತಿ ನೋಡಿದರು. "ತಲಿಗೆ ಹಚ್ಕೊಳ್ಳೂದನ್ನ ನಮ್ಮ ಮನಿಯಾಕಿ ಬಿಸಿಲಿಗೆ ಇಟ್ಟು ಕೊಡ್ತಾಳ. ಫೋರ್ಕಿಗೂ ಹಂಗ ಇಡಬೇಕಿತ್ತು ನೋಡ್ರಿ."

ಎಂಟೂವರೆ ಟನ್

ಫೋರ್ಕಿಗೆ ಗಾಳಿ ಹಾಕಲು ಒಂದು ಸಣ್ಣ ಪಂಪು ಬೇರೆಯೇ ಇದೆ. ಅದರಲ್ಲಿ ಸವಾರನ ತೂಕ ನೋಡಿ, ಮೀಟರಿನ ಮುಳ್ಳು ನೋಡಿ, ನಿಧಾನಕ್ಕೆ ಹಾಕಬೇಕು. ದಪ್ಪಗಿದ್ದವರಿಗೆ ಹೆಚ್ಚು, ತೆಳ್ಳಗಿದ್ದವರಿಗೆ ಕಡಿಮೆ. ಇದನ್ನು ಸಾಹೇಬರಿಗೆ ಎರಡು ಸಲ ಹೇಳಿಕೊಟ್ಟಿದ್ದೆ. ಒಮ್ಮೆ ಫ್ಯಾಕ್ಟರಿ ಕೆಲಸಕ್ಕೆ ಕುಡಚಡೆಗೆ ಹೋಗುವಾಗ ಜೀಪಿನ ಹಿಂದೆ ಸೈಕಲ್ಲನ್ನೂ ಹಾಕಿಕೊಂಡು ಹೋದರು. ಹಿಂದಿನ ರಾತ್ರಿ ಮನೆಯಲ್ಲಿ ಸರ್ವಿಸ್ ಮಾಡಿ ಗಾಳಿ ಪೂರ್ತಿ ಬಿಟ್ಟಿದ್ದರು, ಪಂಪು ಮರೆತಿದ್ದರು. ಅಲ್ಲಿ ರಸ್ತೆ ಬದಿಗೆ ಅದಿರು ಟ್ರಕ್ಕುಗಳ ಟೈರ್ ಅಂಗಡಿ. ಫೋರ್ಕನ್ನೇ ಆ ಅಂಗಡಿಯವನ ಮುಂದೆ ಹಿಡಿದು ಗಾಳಿ ಹಾಕಿಸಿದ್ದಾರೆ.

ಮರುದಿನ ಸೈಕಲ್ ನನ್ನ ಅಂಗಡಿಗೆ ಬಂದಾಗ ಮೂತಿ ಮೇಲೆತ್ತಿಕೊಂಡು ನಿಂತಿತ್ತು. ನಾನು, ಪಕ್ಕದ ಚಹಾ ಅಂಗಡಿಯವನು, ಸಾಹೇಬರು ಮೂವರೂ ಸೇರಿ ಒತ್ತಿದರೂ ಒಂದು ಬೆರಳಷ್ಟು ಇಳಿಯಲಿಲ್ಲ.

"ಎಷ್ಟು ಹಾಕಿಸಿದ್ರಿ?"

"ಅಂವಾ ಎಷ್ಟು ಲೋಡ್ ಅಂತ ಕೇಳಿದ. ಎಂಬತ್ತೈದು ಅಂದೆ."

"ಕಿಲೋ ಅಂತ ಹೇಳಿದ್ರೇನ್ರಿ? ಅಂವಾ ಟ್ರಕ್ಕಿನವ, ಕ್ವಿಂಟಲ್ ಅನ್ಕೊಂಡಾನ."

"ಅದನ್ನ ಬಿಡಿಸಿ ಹೇಳಬೇಕಾಗತೈತಿ ಅಂತ ನನಗೇನ ಗೊತ್ತರಿ?"

ಜ್ವರ

ಇದಾದ ಮೇಲೆ ಶುರುವಾದದ್ದು ನನ್ನ ಹೆಸರಿಗೇ ಕುತ್ತು ತಂತು. ಸಾಹೇಬರು ಭಾನುವಾರ ಸಂಜೆ ತಮ್ಮ ತೂಕಕ್ಕೆ ಸರಿಯಾಗಿ ಗಾಳಿ ತುಂಬುತ್ತಾರೆ. ಮುಂದಿನ ಭಾನುವಾರ ಬೆಳಿಗ್ಗೆ ಹತ್ತಿ ಕೂತರೆ ಫೋರ್ಕ್ ಕುಸಿಯುತ್ತದೆ. ಗುಡ್ಡದ ಏರಿನಲ್ಲಿ ಅರ್ಧಕ್ಕೇ ಇಳಿದು ಬರುತ್ತಾರೆ.

"ಮಿಸ್ತ್ರಿ, ಗಾಳಿ ಸೋರಾಕತ್ತೈತಿ. ಏರು ಹತ್ತಬೇಕಂದ್ರ ಹ್ಯಾಂಗ ಹತ್ತೂದು?"

ಸೀಲ್ ಬದಲಿಸಿದೆ. ಮುಂದಿನ ವಾರ ಅದೇ ಕತೆ. ಮತ್ತೆ ಬದಲಿಸಿದೆ, ವಾಲ್ವ್ ಕೂಡ ಹೊಸದು ಹಾಕಿದೆ. ಸಾಬೂನು ನೊರೆ ಬಳಿದು ನೋಡಿದೆ, ಬಕೆಟ್ಟಿನಲ್ಲಿ ಮುಳುಗಿಸಿ ನೋಡಿದೆ. ಒಂದು ಗುಳ್ಳೆ ಏಳಲಿಲ್ಲ. ಎಂಟು ದಿನ ಅಂಗಡಿಯಲ್ಲೇ ಇಟ್ಟುಕೊಂಡೆ. ಮುಳ್ಳು ಕೂದಲೆಳೆಯಷ್ಟೂ ಇಳಿಯಲಿಲ್ಲ. ಸಾಹೇಬರ ಮನೆಗೆ ಹೋಯಿತು, ನಾಲ್ಕೇ ದಿನಕ್ಕೆ ಮೆತ್ತಗಾಯಿತು. ನನ್ನ ಹತ್ತಿರ ಇದ್ದಾಗ ಆರೋಗ್ಯ, ಮನೆಗೆ ಹೋದರೆ ಜ್ವರ.

ಫ್ಯಾಕ್ಟರಿಯಲ್ಲಿ ಸುದ್ದಿ ಹಬ್ಬಿತು. ಅಲ್ಲಿಂದ ಬರುತ್ತಿದ್ದ ಗಿರಾಕಿಗಳು ನನ್ನ ಅಂಗಡಿ ದಾಟಿ ಮುಂದೆ ಹೋಗತೊಡಗಿದರು. ಒಬ್ಬನಂತೂ ಹೋಗುವಾಗ ನನ್ನನ್ನು ನೋಡಿ ಪಾಪ ಅನ್ನುವಂತೆ ತಲೆ ಅಲ್ಲಾಡಿಸಿದ. ನನಗೆ ಊಟ ರುಚಿಸಲಿಲ್ಲ. ಇಷ್ಟು ವರ್ಷದ ಕೆಲಸ ಒಂದು ಕೊಳವೆ ಗಾಳಿಯಲ್ಲಿ ಹೋಯಿತಲ್ಲ ಎಂದು ಖರೇನೇ ಸಂಕಟವಾಯಿತು.

ಆಮೇಲೊಂದು ದಿನ ಸಾಹೇಬರು ಇನ್ನೊಂದು ಮಾತು ಅಂದರು.

"ಈಗೀಗ ಸೀಟೂ ಇಳ್ಯಾಕತ್ತೈತಿ, ಮಿಸ್ತ್ರಿ."

ಫೋರ್ಕಿನಿಂದ ಗಾಳಿ ಹೋಗಬಹುದು. ಸೀಟಿನಿಂದ ಏನು ಹೋಗುತ್ತದೆ? ನನಗೆ ಸಿಟ್ಟು ನೆತ್ತಿಗೇರಿತು. ಕೈಯಿಂದ ತಿರುಗಿಸುವ ಸೀಟಿನ ಹಿಡಿಕೆ ತೆಗೆದು ಹಾಕಿ, ಪಾನಾ ಇಲ್ಲದೆ ಬಿಚ್ಚಲಾಗದ ಬೋಲ್ಟ್ ಜಡಿದೆ. ಗಾಳಿಯ ವಾಲ್ವಿನ ಮುಚ್ಚಳವನ್ನೂ ಪಕ್ಕಡದಿಂದ ಬಿಗಿದೆ. ಇನ್ನು ದೇವರೇ ಬಂದರೂ ಇಳಿಯಬಾರದು.

ಬುಧವಾರ

ಎರಡು ದಿನ ಕಳೆದು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಅದೇ ಸೈಕಲ್ ತಳ್ಳಿಕೊಂಡು ಒಬ್ಬ ಹೆಣ್ಣುಮಗಳು ಬಂದರು. ಚೂಡಿದಾರ, ಕಾಲಿಗೆ ಕ್ಯಾನ್ವಾಸ್ ಬೂಟು, ಹ್ಯಾಂಡಲ್‌ಗೆ ತರಕಾರಿ ಚೀಲ. ಸಾಹೇಬರ ಹೆಂಡತಿ. ಡಿಸೆಂಬರಿನಲ್ಲಿ ನಾನು ಬೆಳಿಗ್ಗೆ ಆರಕ್ಕೆ ಅವರ ಮನೆಗೆ ಹೋದಾಗ ಚಹಾ ಕೊಟ್ಟವರು.

"ಅಣ್ಣಾರ, ನಮ್ಮ ಮನಿಯವ್ರು ಮತ್ತ ಮನ್ಯಾಗ ಏನೋ ರಿಪೇರಿ ಮಾಡ್ಯಾರ. ಸೀಟ್ ಕೆಳಗ ಬರವಲ್ದು, ಗಾಳಿ ಮುಚ್ಚಳ ಬಿಚ್ಚವಲ್ದು. ತುಸು ಸಡ್ಲ ಮಾಡಿ ಕೊಡ್ರಿ."

ಬಿಗಿದವನು ನಾನೇ, ಅದನ್ನು ಮುಚ್ಚಿಟ್ಟೆ. "ಗಾಳಿ ಮುಚ್ಚಳ ನಿಮಗ್ಯಾಕ ಬೇಕ್ರಿ, ಅಕ್ಕಾರ?" ಅಂದೆ.

"ಅವ್ರ ತೂಕದ ಗಾಳಿ ನನಗ ಬಿರ್ಸ ಆಗತೈತ್ರಿ, ಕೈ ನೋಯ್ತಾವ. ತಲಿ ಪಿನ್ನಿಲೆ ಒತ್ತಿ ಅರ್ಧ ಬಿಟ್ಟು ಹೋಗ್ತೇನಿ. ದಪ್ಪ ಇದ್ದವ್ರಿಗೆ ಹೆಚ್ಚು, ತೆಳ್ಳಗಿದ್ದವ್ರಿಗೆ ಕಡಿಮಿ ಅಂತ ದಿನಾ ಊಟಕ್ಕ ಕುಂತಾಗ ಅವ್ರ ಹೇಳ್ತಾರಲ್ರಿ."

ನಾನು ಸ್ಟೂಲ್ ಎಳೆದುಕೊಂಡು ಕೂತೆ. ಎರಡು ಸೀಲ್, ಒಂದು ವಾಲ್ವ್, ಬಕೆಟ್ ನೀರು, ನನ್ನ ಊಟ ಎಲ್ಲವೂ ಕಣ್ಣ ಮುಂದೆ ಬಂದವು.

"ಎಲ್ಲಿಗೆ ಹೋಗ್ತೀರಿ?"

"ಅವ್ರು ಡ್ಯೂಟಿಗೆ ಹೋದ ಮ್ಯಾಲೆ ಗುಡ್ಡದ ಗುಡಿಗೆ ಹೋಗಿ ಬರ್ತೇನ್ರಿ. ಊರಾಗ ಹೈಸ್ಕೂಲಿಗೆ ನಾಕು ಮೈಲಿ ಸೈಕಲ್ ಹೊಡದಾಕಿ ನಾನು."

"ಆ ಏರು ಪೂರಾ ಹತ್ತೀರೇನ್ರಿ?"

"ದಿನಾ ಹತ್ತಾಕತ್ತೇನಿ."

"ಹಂಗಾದ್ರ ಸಾಹೇಬ್ರಿಗೆ ಹೇಳ್ರಲ್ಲ ಅಕ್ಕಾರ. ನನ್ನ ಹೆಸರು ಹಾಳಾಗಾಕತ್ತೈತಿ."

ಅವರು ಚೀಲ ಸರಿ ಮಾಡಿಕೊಳ್ಳುತ್ತ ತಗ್ಗಿದ ದನಿಯಲ್ಲಿ ಅಂದರು: "ಹೇಳಬ್ಯಾಡ್ರಿ, ಅಣ್ಣಾರ. ಅವ್ರಿಗೆ ಅರ್ಧ ಸೈತ ಹತ್ತಾಕ ಆಗವಲ್ದು. ಫೋರ್ಕ್ ಸರಿ ಇಲ್ಲ ಅಂತ ಸಮಾಧಾನಲೆ ಅದಾರ."

ಕೈಗುಣ

ಹೇಳಿದರೆ ನನ್ನ ಹೆಸರು ಉಳಿಯುತ್ತಿತ್ತು. ಹೇಳಲಿಲ್ಲ. ದಿನಾ ಏರು ಹತ್ತುತ್ತೇನೆ ಅನ್ನುವಾಗಿನ ಆ ಹೆಣ್ಣುಮಗಳ ಮುಖ ನೋಡಿದ್ದರೆ ನೀವೂ ಹೇಳುತ್ತಿರಲಿಲ್ಲ. ಸೀಟಿಗೆ ಹಳೆಯ ಹಿಡಿಕೆ ವಾಪಸ್ ಹಾಕಿದೆ. ಸೀಟಿನ ಕಂಬಕ್ಕೆ ಎರಡು ಸಣ್ಣ ಗೀರು ಎಳೆದು, ಮೇಲಿನದು ಅವರದು, ಕೆಳಗಿನದು ನಿಮ್ಮದು ಅಂದೆ. ಮನೆಯಲ್ಲಿರುವ ಪಂಪಿನ ಮುಳ್ಳು ಎಲ್ಲಿಗೆ ಬಂದರೆ ನಿಲ್ಲಿಸಬೇಕು ಎಂದೂ ತೋರಿಸಿದೆ. ಹೋಗುವಾಗ ಬಿಡಿ, ಬಂದ ಮೇಲೆ ತುಂಬಿ ಇಡಿ. ಒಂದೇ ಸಲಕ್ಕೆ ಕಲಿತರು. ಸಾಹೇಬರಿಗೆ ಎರಡು ಸಲ ಹೇಳಿಕೊಟ್ಟ ಮೇಲೂ ಫೋರ್ಕ್ ಟ್ರಕ್ ಟೈರಿನವನ ಕೈಗೆ ಹೋಗಿತ್ತು.

ಹನ್ನೆರಡು ದಿನ ಬಿಟ್ಟು ಸೋಮವಾರ ಸಾಹೇಬರು ಬಂದರು. ಅಂಗಡಿಯಲ್ಲಿ ಆಗ ಫ್ಯಾಕ್ಟರಿಯ ಇಬ್ಬರು ಗಿರಾಕಿಗಳಿದ್ದರು, ತುಂಬ ದಿನದ ಮೇಲೆ ಬಂದವರು.

"ಮಿಸ್ತ್ರಿ, ಗಾಳಿ ನಿಂತ ಬಿಡ್ತು. ವಾರ ಪೂರಾ ಒಂದು ಪಾಯಿಂಟ್ ಇಳಿಲಿಲ್ಲ."

ನನ್ನ ಎದೆ ಹಗುರಾಯಿತು. ಇಬ್ಬರೂ ಕೇಳಿಸಿಕೊಳ್ಳಲಿ ಎಂದು, "ಹೌದೇನ್ರಿ, ಸಾಹೇಬ್ರ?" ಎಂದು ಜೋರಾಗಿ ಕೇಳಿದೆ.

"ಹೌದು. ಆಚಿ ಶನಿವಾರ ಮನ್ಯಾಗ ಕುಂತು ನಾನ ಬಿಚ್ಚಿ ನೋಡಿದೆ. ನೀವು ಹಾಕಿದ್ದ ಸೀಲ್ ತುಸು ಸೊಟ್ಟ ಇತ್ತು. ಅದನ್ನ ತಿರುವಿ ಕುಂದ್ರಿಸಿದೆ. ಬ್ಯಾಸರ ಮಾಡ್ಕೋಬ್ಯಾಡ್ರಿ, ಎಲ್ಲಾರಿಗೂ ಕೈಗುಣ ಇರೂದಿಲ್ಲ."

ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಗುಟುಕು ನೀರು ಕುಡಿದು, "ಇರಬೇಕ್ರಿ," ಅಂದೆ. ಆದರೂ ತಡೆಯಲಾಗಲಿಲ್ಲ. "ಗುಡಿತನಾ ಹತ್ತಿದ್ರೇನ್ರಿ?" ಎಂದು ಕೇಳಿಯೇ ಬಿಟ್ಟೆ.

ಸಾಹೇಬರು ರಸ್ತೆಯ ಕಡೆ ನೋಡಿದರು.

"ಅರ್ಧಕ್ಕ ಇಳದೆ. ಫೋರ್ಕ್ ಈಗ ಚಲೋ ಐತಿ, ಅದರ ಮ್ಯಾಲ ಮಾತಿಲ್ಲ. ಹಿಂದಿನ ಗೇರ್‌ನ್ಯಾಗ ಏನೋ ಐತಿ, ಮಿಸ್ತ್ರಿ. ಬರೂ ರವಿವಾರ ಮನ್ಯಾಗ ಬಿಚ್ಚತೇನಿ."