ನಾಲ್ಕನೆಯ ಟಿಕೆಟ್

ನನಗೆ ಈಜು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ನೀರಿನ ವಿಷಯದಲ್ಲಿ ನನ್ನ ಧೈರ್ಯವೆಲ್ಲ ಕೆಂಪಾಂಬುಧಿ ಕೆರೆಯ ಕಟ್ಟೆಯವರೆಗೆ. ಅದೂ ಕಟ್ಟೆಯ ಈಚೆ ಬದಿಗೆ. ಇಂಥವನು ಸಮುದ್ರದ ನಡುವಿನ ಒಂದು ದ್ವೀಪಕ್ಕೆ ಹನ್ನೆರಡು ವರ್ಷ ಪ್ರವಾಸದ ಯೋಜನೆ ಹಾಕಿದ ಎಂದರೆ ನೀವು ನಗಬಹುದು. ನನ್ನ ಹೆಂಡತಿ ಸರೋಜ ಹನ್ನೊಂದು ವರ್ಷ ನಕ್ಕಳು. ಹನ್ನೆರಡನೆಯ ವರ್ಷ ನಗುವುದಕ್ಕೆ ಅವಳು ಇರಲಿಲ್ಲ.

ಈ ದ್ವೀಪ ನಮ್ಮ ಚಾಮರಾಜಪೇಟೆಯ ಮನೆಗೆ ಬಂದದ್ದು ಒಂದು ಕ್ಯಾಲೆಂಡರಿನಲ್ಲಿ. ದಿನಸಿ ಅಂಗಡಿಯವರು ಕೊಟ್ಟ ಕ್ಯಾಲೆಂಡರ್. ಅದರ ಮೇ ತಿಂಗಳ ಹಾಳೆಯಲ್ಲಿ ನೀಲಿ ನೀರು, ನೀರಿನ ನಡುವೆ ಹಪ್ಪಳದ ಕಟ್ಟುಗಳನ್ನು ಸಾಲಾಗಿ ನಿಲ್ಲಿಸಿದ ಹಾಗೆ ಕಪ್ಪು ಕಲ್ಲಿನ ಕಂಬಗಳು. ಕೆಳಗೆ ಸಣ್ಣ ಅಕ್ಷರದಲ್ಲಿ, ಮಲ್ಪೆಯಿಂದ ದೋಣಿಯಲ್ಲಿ ಹೋಗಬೇಕು ಎಂದು ಬರೆದಿತ್ತು. ಮೇ ಮುಗಿದು ಜೂನ್ ಬಂದರೂ ಸರೋಜ ಹಾಳೆ ತಿರುವಲಿಲ್ಲ. ಕೊನೆಗೆ ಚಿತ್ರವನ್ನು ಕತ್ತರಿಸಿ ಅಡುಗೆಮನೆಯ ಡಬ್ಬಿ ಬೀರುವಿನ ಬಾಗಿಲ ಒಳಗೆ ಅಂಟಿಸಿದಳು. ಸಾಸಿವೆ ತೆಗೆಯುವಾಗೆಲ್ಲ ಸಮುದ್ರ ಕಾಣಿಸುತ್ತಿತ್ತು. ಒಂದು ದಿನ ಒಗ್ಗರಣೆ ಹಾಕುತ್ತಾ, ಅಲ್ಲಿಗೆ ಒಮ್ಮೆ ಹೋಗಿ ಬರೋಣ, ಒಂದೇ ದಿನ ಸಾಕು ಎಂದಳು. ನಾನು ಆಯ್ತು ಎಂದೆ. ಅಲ್ಲಿಂದಲೇ ತಪ್ಪು ಶುರುವಾಯಿತು.

ನಾನು ಕಾಟನ್‌ಪೇಟೆಯಲ್ಲಿ ದಾರ, ಗುಂಡಿ, ಜಿಪ್ಪುಗಳ ಸಗಟು ಅಂಗಡಿಯ ಗೋಡೌನ್ ನೋಡಿಕೊಳ್ಳುವವನು. ಮೂವತ್ತು ವರ್ಷದಿಂದ ಯಾವ ಬಣ್ಣದ ಗುಂಡಿ ಯಾವ ಮೂಲೆಯಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಪಟ್ಟಿ ಬರೆಯುವುದರಲ್ಲಿ ಯಾವ ಪದವೀಧರನಿಗೂ ಕಡಿಮೆಯಿಲ್ಲ. ದ್ವೀಪಕ್ಕೆಂದು ಒಂದು ಹಳೆಯ ಡೈರಿ ತೆಗೆದಿಟ್ಟೆ. ಕಾರ್ಕಳದ ಕಡೆಯ ಗಿರಾಕಿಯೊಬ್ಬರನ್ನು ಹಿಡಿದು ವಿಚಾರಿಸಿದಾಗ ಅವರು, ದೋಣಿ ಭರ್ತಿಯಾದ ಮೇಲೆ ಬಿಡುತ್ತಾರೆ ಎಂದುಬಿಟ್ಟರು. ಭರ್ತಿಯಾಗುವುದು ಯಾವಾಗ ಎಂದು ಗೊತ್ತಿಲ್ಲದೆ ಯಾರಾದರೂ ವೇಳಾಪಟ್ಟಿ ಹಾಕುವುದು ಹೇಗೆ? ಅದೇ ಒಂದು ವರ್ಷ ತಿಂದಿತು. ಇನ್ನೊಂದು ವರ್ಷ ರಾಹುಕಾಲ ತಿಂದಿತು. ಶನಿವಾರ ಹೋದರೆ ಬೆಳಿಗ್ಗೆ ದೋಣಿ ಹೊರಡುವ ಹೊತ್ತಿಗೆ ಸರಿಯಾಗಿ ರಾಹುಕಾಲ, ಭಾನುವಾರ ಹೋದರೆ ಸಂಜೆ ಮರಳುವ ಹೊತ್ತಿಗೆ. ಹೋಗಬಹುದು ಆದರೆ ಬರುವಂತಿಲ್ಲ, ಬರಬಹುದು ಆದರೆ ಹೋಗುವಂತಿಲ್ಲ. ಮಳೆಗಾಲದಲ್ಲಿ ದೋಣಿಯೇ ಇಲ್ಲ. ಇಷ್ಟರ ಜೊತೆಗೆ, ಒಂದು ದಿನದ ಪ್ರವಾಸಕ್ಕೆ ಹೋಗುವಾಗೊಂದು ಬರುವಾಗೊಂದು ಎರಡು ರಾತ್ರಿ ಬಸ್ಸಿನಲ್ಲಿ ಕಳೆಯಬೇಕು ಎಂಬುದನ್ನು ಕಂಡುಹಿಡಿದ ದಿನ ನಾನು ಬಹಳ ಗಂಭೀರವಾಗಿ ಮನೆಗೆ ಬಂದು, ಇದು ಒಂದು ದಿನದ ಪ್ರವಾಸವೇ ಅಲ್ಲ ಎಂದು ಘೋಷಿಸಿದೆ.

ವಾಂತಿ ಬಂದರೆ ನಿಂಬೆಹಣ್ಣು, ತಲೆಗೆ ಎಷ್ಟು ಎಂದು ಒಂದು ಪುಟ. ಯಾರಾದರೂ ನೀರಿಗೆ ಬಿದ್ದರೆ ಎಸೆಯಲು ಇಪ್ಪತ್ತಡಿ ಹಗ್ಗ, ಅದನ್ನು ಎಸೆಯಬೇಕಾದ ನಾನೇ ಬಿದ್ದರೆ ಏನು ಎಂದು ಇನ್ನೊಂದು ಪುಟ. ಸರೋಜ ಒಮ್ಮೆ ಆ ಪುಟ ಓದಿ ಡೈರಿ ಮುಚ್ಚಿದಳು. "ರೀ, ದ್ವೀಪ ಎಲ್ಲೂ ಓಡ್ಹೋಗಲ್ಲ ಅಂತ ನೀವು ನಿಧಾನ ಮಾಡ್ತಿದೀರಿ. ಅದು ಇರುತ್ತೆ. ನಾನೂ ಇರ್ಬೇಕಲ್ಲ" ಎಂದಳು. ತಮಾಷೆಗೆ ಹೇಳಿದ್ದು. ನಾನೂ ನಕ್ಕೆ.

ಹೋದ ಕಾರ್ತಿಕದಲ್ಲಿ ಜ್ವರವೆಂದು ಮಲಗಿದವಳು ಏಳಲಿಲ್ಲ. ಆಸ್ಪತ್ರೆಯಲ್ಲಿ ಒಂಬತ್ತು ದಿನ. ನನ್ನ ಡೈರಿಯಲ್ಲಿ ಅದಕ್ಕೆ ಪುಟ ಇರಲಿಲ್ಲ.

ಈಗ ಒಂದು ಕಲ್ಲಿನ ವಿಷಯ ಹೇಳಬೇಕು. ಮೂರು ಜನ ಒಟ್ಟಿಗೆ ಎಲ್ಲಿಗೂ ಹೊರಡಬಾರದು, ಹೊರಟರೆ ಹೋದ ಕೆಲಸ ಕೆಡುತ್ತದೆ ಎಂದು ನಮ್ಮ ಕಡೆ ಹೇಳುತ್ತಾರೆ. ಹೊರಡಲೇಬೇಕಾದರೆ ಒಂದು ಸಣ್ಣ ಕಲ್ಲನ್ನು ಜೊತೆಗೆ ಇಟ್ಟುಕೊಂಡು ಅದನ್ನು ನಾಲ್ಕನೆಯವರೆಂದು ಎಣಿಸಿಕೊಳ್ಳಬೇಕು. ಬೇರೆಯವರಿಗೆ ಇದು ವರ್ಷಕ್ಕೊಮ್ಮೆ ಬರುವ ಸಮಸ್ಯೆ. ನಮಗೆ ದಿನಾ. ಏಕೆಂದರೆ ನಮ್ಮ ಮನೆಯಲ್ಲಿ ಇದ್ದದ್ದೇ ಮೂರು ಜನ: ನಾನು, ಸರೋಜ, ಮಗಳು ಕಾವ್ಯ. ಮಗುವನ್ನು ಎತ್ತಿಕೊಂಡು ಮೊದಲ ಸಲ ಬಸವನಗುಡಿಗೆ ಹೋದ ದಿನವೇ ಸರೋಜಳಿಗೆ ಇದು ಹೊಳೆದು, ಬ್ಯೂಗಲ್ ರಾಕ್ ಬಳಿ ಬಗ್ಗಿ ಒಂದು ಬೂದು ಬಣ್ಣದ ಕಲ್ಲು ಆರಿಸಿಕೊಂಡಳು. ನೆಲ್ಲಿಕಾಯಿ ಗಾತ್ರದ್ದು. ಉಂಗುರ ಕೊಂಡಾಗ ಆಭರಣದಂಗಡಿಯವರು ಕೊಟ್ಟಿದ್ದ ಕೆಂಪು ಮಖಮಲ್ಲಿನ ಪುಟ್ಟ ಚೀಲದಲ್ಲಿ ಅದನ್ನಿಟ್ಟಳು. ಉಂಗುರ ಎಲ್ಲೋ ಡಬ್ಬಿಯಲ್ಲಿ ಬಿದ್ದಿರುತ್ತಿತ್ತು, ಕಲ್ಲಿಗೆ ಮಖಮಲ್ಲು. ಅಲ್ಲಿಂದಾಚೆಗೆ ಆ ಕಲ್ಲು ನಮ್ಮೊಂದಿಗೆ ಎಲ್ಲ ಮದುವೆಗಳ ಊಟಕ್ಕೆ ಬಂದಿದೆ. ಕಾವ್ಯಳ ಪರೀಕ್ಷೆಯ ಫಲಿತಾಂಶ ನೋಡಲು ಬಂದಿದೆ. ವಿಶ್ವೇಶ್ವರಪುರದ ತಿಂಡಿ ಬೀದಿಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ.

ಕಲ್ಲು ಇಟ್ಟುಕೊಂಡರೆ ಸಾಲದು, ಬಾಯಲ್ಲೂ ಮೂರು ಎನ್ನಬಾರದು ಎಂಬುದು ಸರೋಜಳ ಸ್ವಂತ ಸೇರ್ಪಡೆ. ಹೋಟೆಲಿನಲ್ಲಿ ಎಷ್ಟು ಜನ ಎಂದು ಕೇಳಿದಾಗ ನಾನು ಮೂರು ಎಂದರೆ ತೋಳು ಚಿವುಟುತ್ತಿದ್ದಳು. ಹಾಗಾಗಿ ನಾಲ್ಕು ಎನ್ನುವುದು ರೂಢಿಯಾಯಿತು. ನಾಲ್ಕು ಲೋಟ ನೀರು ಬರುತ್ತಿತ್ತು. ನಾಲ್ಕನೆಯವರು ಬರಲಿಲ್ಲವೇ ಎಂದು ಮಾಣಿ ಕೇಳಿದರೆ, ಬಂದಿದಾರೆ, ಅವರಿಗೆ ಹಸಿವಿಲ್ಲ ಎನ್ನುತ್ತಿದ್ದಳು. ಟಿಕೆಟ್ ಮಾತ್ರ ಅವಳೇ ಕೊಳ್ಳುತ್ತಿದ್ದಳು, ಬಾಯಲ್ಲಿ ನಾಲ್ಕು, ಬೆರಳಲ್ಲಿ ಮೂರು ತೋರಿಸಿ. ಆ ಚಾಕಚಕ್ಯತೆ ನನಗೆ ಬರಲಿಲ್ಲ.

ಅವಳು ಹೋದ ಮೇಲೆ ನಾವು ಇಬ್ಬರಾದೆವು. ಇಬ್ಬರಿಗೆ ಕಲ್ಲು ಬೇಡ. ಅವಳ ಕೈಚೀಲ ಕೋಣೆಯ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಲೇ ಇತ್ತು. ಆರು ತಿಂಗಳು ಅದನ್ನು ನಾನೂ ಮುಟ್ಟಲಿಲ್ಲ, ಕಾವ್ಯಳೂ ಮುಟ್ಟಲಿಲ್ಲ. ಬಾಗಿಲನ್ನೂ ಮೆಲ್ಲಗೆ ಹಾಕುತ್ತಿದ್ದೆವು.

ಮೇ ತಿಂಗಳಲ್ಲಿ ಸರೋಜಳ ಅಕ್ಕ ಶಾಂತಕ್ಕ ಕುಮಾರ ಪಾರ್ಕಿನಿಂದ ಬಂದರು. ಒಗ್ಗರಣೆಗೆ ಸಾಸಿವೆ ಹುಡುಕಲು ಬೀರು ತೆರೆದವರು ಬಹಳ ಹೊತ್ತು ಅಲ್ಲೇ ನಿಂತರು. ಆಮೇಲೆ ಚಿತ್ರದ ಕಡೆ ಕೈ ತೋರಿಸಿ, ಇಲ್ಲಿಗೆ ಕೊನೆಗೂ ಹೋಗಲಿಲ್ಲವಾ ಎಂದು ಕೇಳಿದರು. ನಾನು ಡೈರಿ ತಂದೆ. ನನ್ನ ತಪ್ಪಿಲ್ಲವೆಂದು ತೋರಿಸುವುದಕ್ಕೆ. ಅವರು ಓದಲೇ ಇಲ್ಲ, ಬಿಸಿ ಬಾಣಲೆ ಇಳಿಸಲು ಮಸಿಬಟ್ಟೆಯಂತೆ ಕೆಳಗೆ ಹಾಸಿಕೊಂಡರು. ಮಳೆ ಬಂದರೆ ದೋಣಿ ನಿಲ್ಲುತ್ತದೆ, ಇನ್ನೆರಡು ವಾರವೂ ಇಲ್ಲ ಎಂದಳು ಕಾವ್ಯ. ಅವಳು ಶಾಲೆಯಲ್ಲಿ ಪಾಠ ಹೇಳುವವಳು, ರಜೆಯೂ ಮುಗಿಯುತ್ತಾ ಬಂದಿತ್ತು. ವರ್ಷ ತುಂಬುವ ಮುಂಚೆ ಸಂತೋಷಕ್ಕೆಂದು ಊರು ಸುತ್ತಿದರೆ ಜನ ಏನಂದಾರು ಎಂದು ನಾನು ಗೊಣಗಿದೆ. "ಸಂತೋಷಕ್ಕೆ ಅಂತ ಯಾರು ಹೇಳಿದ್ದು ನಂಜುಂಡಪ್ಪನವರೇ? ಅವಳ ಕೆಲಸ ಬಾಕಿ ಇದೆ, ಮುಗಿಸ್ಕೊಂಡ್ ಬರೋಣ" ಎಂದರು ಶಾಂತಕ್ಕ. ನಾನು ಕೈ ತೊಳೆದು ಬರುವಷ್ಟರಲ್ಲಿ ಕಾವ್ಯ ಫೋನಿನಲ್ಲಿ ಬಸ್ಸಿನ ಸೀಟು ಕಾದಿರಿಸಿದ್ದಳು. ಹನ್ನೆರಡು ವರ್ಷದ ಕೆಲಸ, ಎರಡು ನಿಮಿಷ. ನನಗೆ ಸ್ವಲ್ಪ ಅವಮಾನವೇ ಆಯಿತು.

ಹೊರಡುವ ಸಂಜೆ ಶಾಂತಕ್ಕ ಬಾಗಿಲಲ್ಲಿ ನಿಂತುಬಿಟ್ಟರು. ನಾವು ಮತ್ತೆ ಮೂರು ಜನ. ಅವಳ ಕಲ್ಲು ಎಲ್ಲಿ ಎಂದು ಕೇಳಿದರು. ಕಾವ್ಯ ನನ್ನ ಮುಖ ನೋಡಿದಳು. ನಾನೇ ಹೋಗಿ ಮೊಳೆಯಿಂದ ಚೀಲ ಇಳಿಸಿದೆ. ಜಿಪ್ಪು ಬಿಗಿಯಾಗಿತ್ತು. ಜಿಪ್ಪಿನ ವ್ಯಾಪಾರದಲ್ಲಿ ಮೂವತ್ತು ವರ್ಷ ಕಳೆದವನಿಗೆ ಅದನ್ನು ತೆರೆಯಲು ಐದು ನಿಮಿಷ ಹಿಡಿಯಿತು. ಒಳಗೆ ಮಡಿಸಿದ ಕರ್ಚೀಫು, ನನ್ನ ಕೆಮ್ಮಿಗೆಂದು ಕಾಗದದಲ್ಲಿ ಕಟ್ಟಿದ ಕಲ್ಲುಸಕ್ಕರೆ, ತಳದಲ್ಲಿ ಕೆಂಪು ಮಖಮಲ್ಲು. ಕಲ್ಲುಸಕ್ಕರೆಯನ್ನು ಬಾಯಿಗೆ ಹಾಕಿಕೊಂಡೆ. ಆ ಹೊತ್ತಿನಲ್ಲಿ ಮಾತಾಡದಿರಲು ಅದೊಂದು ನೆಪವಾಯಿತು.

ಮರುದಿನ ಬೆಳಿಗ್ಗೆ ಮಲ್ಪೆಯಲ್ಲಿ ಆಕಾಶ ಕಪ್ಪಿಟ್ಟಿತ್ತು. ಸಮುದ್ರ ಕೆರಳಿದರೆ ಯಾವ ದೋಣಿಯೂ ಇರುವುದಿಲ್ಲ, ಇದೇ ಕೊನೆಯದಾದರೂ ಆಗಬಹುದು ಎಂದು ಸಾಲಿನಲ್ಲಿದ್ದವರು ಮಾತಾಡಿಕೊಳ್ಳುತ್ತಿದ್ದರು. ಹನ್ನೆರಡು ವರ್ಷ ದೋಣಿ ಸಿಕ್ಕೀತೆಂದು ಹೆದರಿದವನು ಅಂದು ಮೊದಲ ಸಲ ಸಿಗಲಿಕ್ಕಿಲ್ಲವೆಂದು ಹೆದರಿದೆ. ಕಿಂಡಿಯ ಆಚೆಯವರು ಎಷ್ಟು ಎಂದರು. ನಾಲ್ಕು ಎಂದೆ.

ಟಿಕೆಟ್ ಕೈಗೆ ಬಂದ ಮೇಲೆ ಕಾವ್ಯ ಎಣಿಸಿದಳು. ಒಂದು ಹೆಚ್ಚು. ಹಿಂದೆ ಜನ ನೂಕುತ್ತಿದ್ದರು, ಹಿಂದಿರುಗಿಸಲು ದಾರಿಯಿರಲಿಲ್ಲ. ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಶಾಂತಕ್ಕ ಮಾತ್ರ ಬೈಯಲಿಲ್ಲ. "ಇಪ್ಪತ್ತೈದು ವರ್ಷ ಬಿಟ್ಟಿ ಸುತ್ತಿದೆ ಆ ಕಲ್ಲು. ಇವತ್ತಾದ್ರೂ ಮರ್ಯಾದೆಯಾಗಿ ಟಿಕೆಟ್ ತಗೊಂಡ್ ಬರ್ಲಿ ಬಿಡಿ" ಎಂದರು.

ದೋಣಿಯ ಪ್ರಯಾಣದ ಬಗ್ಗೆ ಹೆಚ್ಚು ಹೇಳಲಾರೆ, ಬಹುಪಾಲು ಕಣ್ಣು ಮುಚ್ಚಿದ್ದೆ. ರೇಷ್ಮೆ ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟ ಶಾಂತಕ್ಕ ಮೆರವಣಿಗೆಯ ಉತ್ಸವಮೂರ್ತಿಯಂತೆ ಕುಳಿತಿದ್ದು ನೆನಪಿದೆ. ನಿಂಬೆಹಣ್ಣು ತಂದಿರಲಿಲ್ಲ, ಹಗ್ಗವೂ ಇಲ್ಲ. ಯಾರಿಗೂ ವಾಂತಿಯಾಗಲಿಲ್ಲ, ಯಾರೂ ಬೀಳಲಿಲ್ಲ. ಕಣ್ಣು ತೆರೆದಾಗ ಎದುರಿಗೆ ಡಬ್ಬಿ ಬೀರುವಿನ ಬಾಗಿಲು ಇತ್ತು. ಅದೇ ಹಪ್ಪಳದ ಕಟ್ಟುಗಳು, ಆದರೆ ಆಳೆತ್ತರ. ಕಾವ್ಯ ಮಖಮಲ್ಲಿನಿಂದ ಕಲ್ಲನ್ನು ತೆಗೆದು ನೀರಂಚಿನ ಒಂದು ಗಿಡ್ಡ ಕಂಬದ ನೆತ್ತಿಯ ಮೇಲಿಟ್ಟಳು. ಮೂವರೂ ಅದರ ಪಕ್ಕ ಕುಳಿತು ಸಮುದ್ರ ನೋಡಿದೆವು. ಅಲೆ ಬಂದು ಕಾಲು ತೋಯಿಸಿದಾಗ ನಾನು ಎದ್ದು ಓಡಲಿಲ್ಲ. ಇದನ್ನು ಬರೆದಿಡಬೇಕು, ಬೇರೆ ಯಾರೂ ಬರೆಯುವುದಿಲ್ಲ.

ಹೊರಡುವಾಗ ಶಾಂತಕ್ಕ ಕಣ್ಣೊರೆಸಿಕೊಂಡು, ಅವಳು ಆಸೆಪಟ್ಟ ಜಾಗ, ಕಲ್ಲನ್ನು ಇಲ್ಲೇ ಬಿಟ್ಟುಬಿಡೋಣ ಎಂದರು. ನನಗೂ ಸರಿಯೆನಿಸಿತು. ಕಾವ್ಯ ಒಪ್ಪಲಿಲ್ಲ. "ಬಿಟ್ಬಿಟ್ರೆ ವಾಪಸ್ ಹೋಗೋದು ಮೂರೇ ಜನ ಆಗ್ತೀವಲ್ಲ ದೊಡ್ಡಮ್ಮ. ಅಮ್ಮ ಒಪ್ತಾಳಾ?" ಎಂದಳು. ಕಲ್ಲು ಮರಳಿ ಅವಳ ಅಂಗೈಗೆ ಬಂತು.

ದೋಣಿ ಹತ್ತುವ ಜಾಗದಲ್ಲಿ ಸೀಟಿ ಕೇಳಿಸಿತು. ಕಾವಲಿನವರು ನೇರವಾಗಿ ನಮ್ಮ ಕಡೆ ಬಂದರು. "ಕೈಯಲ್ಲಿ ಎಂತದು ಅದು? ಇಲ್ಲಿಂದ ಕಲ್ಲು ತಕೊಂಡು ಹೋಗ್ಲಿಕ್ಕಿಲ್ಲ" ಎಂದು ಕೈ ಚಾಚಿದರು. ಇದು ನಮ್ಮ ಮನೆಯ ಕಲ್ಲೆಂದು ಕಾವ್ಯ ಹೇಳಿದಳು. ಎಲ್ಲರೂ ಹಾಗೇ ಹೇಳುವುದು, ಮನೆಯಿಂದ ಯಾರು ಕಲ್ಲು ಹೊತ್ತು ತರುತ್ತಾರೆ ಎಂದು ಅವರು ನಕ್ಕರು. ತಮ್ಮ ಕೆಲಸ ತಾವು ಮಾಡುತ್ತಿದ್ದರು, ಅವರದೇನೂ ತಪ್ಪಿಲ್ಲ. ಆದರೆ ಅವರ ಬೆರಳುಗಳು ಕಲ್ಲಿನ ಹತ್ತಿರ ಬಂದಾಗ ನನಗೇನಾಯಿತೋ ಗೊತ್ತಿಲ್ಲ. ಅಂಗಡಿಯಲ್ಲಿ ಮೂವತ್ತು ವರ್ಷ ದನಿಯೆತ್ತದವನು, ಆಸ್ಪತ್ರೆಯಲ್ಲೂ ಒಬ್ಬರನ್ನೂ ಏನೂ ಕೇಳದವನು, ನಡುವೆ ನುಗ್ಗಿ ನಿಂತೆ.

"ಇಲ್ಲಿಯ ಕಲ್ಲು ಕಪ್ಪು, ಇದು ಬೂದು, ನೋಡಿ ಸ್ವಾಮಿ. ನಾವು ಮೂರು ಜನ. ಮೂರು ಜನ ಹೊರಡಬಾರದು ಅಂತ ಇದನ್ನ ಕರ್ಕೊಂಡ್ ಬಂದಿದೀವಿ. ಇದಕ್ಕೆ ಟಿಕೆಟ್ ಇದೆ."

ನಾಲ್ಕೂ ಟಿಕೆಟ್ ಮುಂದೆ ಹಿಡಿದೆ. ಅವರು ಟಿಕೆಟ್ ಎಣಿಸಿದರು. ನಮ್ಮ ತಲೆ ಎಣಿಸಿದರು. ಮತ್ತೊಮ್ಮೆ ಟಿಕೆಟ್ ಎಣಿಸಿದರು.

"ಇದು ಯಾರ ಲೆಕ್ಕದ್ದು?" ಎಂದು ಕೇಳಿದರು, ದನಿ ಇಳಿಸಿ.

"ನನ್ನ ಹೆಂಡತಿಯದು" ಎಂದೆ.

ಅವರು ಸೀಟಿಯನ್ನು ಜೇಬಿಗೆ ಹಾಕಿಕೊಂಡರು. ಮುಂದಿದ್ದವರನ್ನು ಸ್ವಲ್ಪ ಸರಿಯಲು ಹೇಳಿ, ದೋಣಿಯವನ ಕಡೆ ತಿರುಗಿ, "ನಾಲ್ಕು ಜನ ಉಂಟು ಮಾರಾಯ, ಜಾಗ ಬಿಡು" ಎಂದರು. ನಾನು ತಲೆಯೆತ್ತಿ ಹತ್ತಿದೆ. ಬರುವಾಗ ಇಡೀ ದಾರಿ ಕಣ್ಣು ತೆರೆದೇ ಇದ್ದೆ. ಕಾವ್ಯ ನನ್ನ ಪಕ್ಕದ ಸೀಟಿನಲ್ಲಿ ಮಖಮಲ್ಲಿನ ಚೀಲವನ್ನಿಟ್ಟು, ಅದರಾಚೆ ತಾನು ಕುಳಿತಳು. ಟಿಕೆಟ್ ತೆಗೆಸಿದ ಮೇಲೆ ಸೀಟು ಬೇಡವೇ?

ಈಗ ಕಾಟನ್‌ಪೇಟೆಯಲ್ಲಿ ನಾನು ಸಮುದ್ರಯಾನದ ತಜ್ಞ. ಯಾರಾದರೂ ಆ ಕಡೆ ಹೊರಟರೆ ನನ್ನ ಹತ್ತಿರ ಬಂದು ವಿಚಾರಿಸುತ್ತಾರೆ. ಏನೂ ಯೋಜನೆ ಹಾಕಬೇಡಿ, ಸುಮ್ಮನೆ ಹೊರಟುಬಿಡಿ ಎಂದು ಬಹಳ ದೊಡ್ಡವನಂತೆ ಹೇಳುತ್ತೇನೆ. ಇಷ್ಟನ್ನು ಹೇಳಲು ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತೇನೆ ಎಂದು ಅಂಗಡಿಯವರ ದೂರು. ಕೈಚೀಲ ಮತ್ತೆ ಬಾಗಿಲ ಹಿಂದಿನ ಮೊಳೆಗೆ ಹೋಗಿದೆ, ಆದರೆ ಜಿಪ್ಪಿಗೆ ಮೇಣ ಸವರಿದ್ದೇನೆ, ಸಲೀಸಾಗಿ ತೆರೆಯುತ್ತದೆ. ಮಖಮಲ್ಲಿನೊಳಗೆ ಕಲ್ಲಿನ ಜೊತೆ ನಾಲ್ಕನೆಯ ಟಿಕೆಟ್ ಮಡಿಸಿಟ್ಟಿದೆ. ಒಮ್ಮೊಮ್ಮೆ ತೆಗೆದು ನೋಡುತ್ತೇನೆ. ಹನ್ನೆರಡು ವರ್ಷ ತಪ್ಪಿಲ್ಲದ ಹಾಗೆ ಲೆಕ್ಕ ಹಾಕಿಯೂ ಅವಳಿಗೆ ಕೊಡಿಸಲಾಗದ ಟಿಕೆಟ್ಟನ್ನು ಕೊನೆಗೆ ಕೊಡಿಸಿದ್ದು ಲೆಕ್ಕ ತಪ್ಪಿ.